'ಸ್ಪೈರಲ್ ಅಸೆಂಟ್' ಪರವಾಗಿ

ಬೆಂಗಳೂರಿನ ಮೆಟಲ್ ಸಂಗೀತ ತಂಡ ಕ್ರಿಪ್ಟೋಸ್ ಹುಟ್ಟಿದ್ದು 1998ರಲ್ಲಿ. ಮೊದಲ ಆಲ್ಬಮ್ 'ಸ್ಪೈರಲ್ ಅಸೆಂಟ್' ಹೊರಬಂದದ್ದು 2004ರಲ್ಲಿ. ಬೆಂಗಳೂರು ಬಿಟ್ಟು ವಿಶಾಖಪಟ್ಟಣದಲ್ಲಿ ನೆಲೆಸಿದ ಮೇಲೆ ನನಗೆ ಸಿಕ್ಕ ಕೇಳುಗರ ಬಳಗದಲ್ಲಿ ಈ ಆಲ್ಬಮ್ಮಿನಷ್ಟು ಬೈಗುಳ ತಿಂದದ್ದು ಬೇರೊಂದಿಲ್ಲ. ಇಲ್ಲಿನ ಗಾಜುವಾಕದ ಗಿಟಾರು ಹುಡುಗರದು ಒಂದು ತಕರಾರು, ವಿಜಯವಾಡದ ಪಿಟೀಲು ಮೇಷ್ಟ್ರದು ಇನ್ನೊಂದು. ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ ಕೂತು ಈ ಊರಿಂದ ಆ ಊರು ತಲುಪುವವರೆಗೂ ವಾದ ನಡೆದದ್ದುಂಟು. ರೈಲಿನ ಗದ್ದಲದಲ್ಲಿ ಅರ್ಧಕ್ಕೇ ನಿಂತ ಉತ್ತರಗಳನ್ನು ಇಲ್ಲಿ ಪೂರ್ತಿ ಹೇಳುತ್ತೇನೆ.

ಮೊದಲ ಆರೋಪ: ಇದು ನಕಲು. ಐರನ್ ಮೇಡನ್, ಜೂಡಾಸ್ ಪ್ರೀಸ್ಟ್, ಜರ್ಮನಿಯ ಕ್ರಿಯೇಟರ್, ಎಲ್ಲರ ಛಾಯೆಯೂ ಇದೆ, ಇವರದ್ದೆಂಬುದು ಏನೂ ಇಲ್ಲ ಎನ್ನುತ್ತಾರೆ. ಛಾಯೆ ಇದೆ, ಒಪ್ಪಿದೆ. ಆದರೆ ಥ್ರ್ಯಾಶ್ ಮೆಟಲ್ಲಿನಲ್ಲಿ ಛಾಯೆಯಿಲ್ಲದ ಮೊದಲ ಆಲ್ಬಮ್ ಯಾವುದಿದೆ, ತೋರಿಸಿ. ಮೆಟಾಲಿಕಾ ಶುರುವಿನಲ್ಲಿ ವೇದಿಕೆ ತುಂಬಿಸಿದ್ದೇ ಇಂಗ್ಲೆಂಡಿನ ಡೈಮಂಡ್ ಹೆಡ್ ತಂಡದ ಹಾಡುಗಳಿಂದ. 1983ರ 'ಕಿಲ್ ಎಮ್ ಆಲ್'ನಲ್ಲಿ ಆ ಋಣ ಎದ್ದು ಕಾಣುತ್ತದೆ. ಅದೇ ವರ್ಷ ಡಿಸೆಂಬರಿನಲ್ಲಿ ಬಂದ ಸ್ಲೇಯರ್‌ನ 'ಶೋ ನೋ ಮರ್ಸಿ' ಕೇಳಿದರೆ ವೆನಮ್ ಮತ್ತು ಜೂಡಾಸ್ ಪ್ರೀಸ್ಟ್ ಎಲ್ಲೆಲ್ಲಿ ನುಸುಳಿದ್ದಾರೆಂದು ಬೆರಳಿಟ್ಟು ತೋರಿಸಬಹುದು. ಆ ಎರಡು ಆಲ್ಬಮ್ಮುಗಳಿಗೆ ಸಂದ ಕ್ಷಮೆ ಬೆಂಗಳೂರಿನ ತಂಡಕ್ಕೆ ಮಾತ್ರ ಯಾಕೆ ಸಲ್ಲುವುದಿಲ್ಲ? ನನಗೆ ಇದರಲ್ಲಿ ವಿಮರ್ಶೆಗಿಂತ ಕೀಳರಿಮೆಯೇ ಹೆಚ್ಚು ಕಾಣುತ್ತದೆ. ಕ್ಯಾಲಿಫೋರ್ನಿಯಾದವರು ಸಾಲ ಮಾಡಿದರೆ ಪರಂಪರೆ, ನಮ್ಮವರು ಮಾಡಿದರೆ ಕಳ್ಳತನ!

ಧ್ವನಿಮುದ್ರಣ ಕಳಪೆ ಎಂಬ ಮಾತಿಗೆ ಹೆಚ್ಚು ಹೊತ್ತು ಬೇಡ. 'ಶೋ ನೋ ಮರ್ಸಿ'ಯ ಖರ್ಚಿಗೆ ಹಣ ಹೊಂದಿಸಿದ್ದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ಗಾಯಕ ಟಾಮ್ ಅರಾಯಾನ ಉಳಿತಾಯದಿಂದ, ಗಿಟಾರು ವಾದಕ ಕೆರಿ ಕಿಂಗ್ ತಂದೆಯ ಬಳಿ ಪಡೆದ ಸಾಲದಿಂದ. ಸಿಂಬಲ್ಲಿನ ಸದ್ದು ಬೇರೆ ಮೈಕುಗಳಿಗೆ ನುಗ್ಗುತ್ತದೆಂದು ಡೇವ್ ಲೊಂಬಾರ್ಡೊ ಡ್ರಮ್ಮುಗಳನ್ನು ಮೊದಲು ಬಾರಿಸಿ, ಸಿಂಬಲ್ಲನ್ನು ಆಮೇಲೆ ಬೇರೆಯಾಗಿ ಸೇರಿಸಬೇಕಾಯಿತು. ಲಾಸ್ ಏಂಜಲಿಸ್‌ನಲ್ಲೇ ಈ ಪಾಡು. ಹಿಂದಿನಿಂದ ಮೆಟಲ್ ಮುದ್ರಿಸುತ್ತ ಬಂದ ಸ್ಟುಡಿಯೋಗಳೇ ಅಪರೂಪವಾಗಿದ್ದ ಊರಿನಲ್ಲಿ ತಯಾರಾದ ಆಲ್ಬಮ್ಮನ್ನು ಅದರ ಸದ್ದಿನ ನುಣುಪಿನಿಂದ ಅಳೆಯುವುದು ಅನ್ಯಾಯ.

ಇನ್ನು ಪಿಟೀಲು ಮೇಷ್ಟ್ರ ಆಕ್ಷೇಪ: ಇದು ನಮ್ಮ ಸಂಗೀತವೇ ಅಲ್ಲ. ಅವರ ಮೇಲೆ ನನಗೆ ಗೌರವವಿದೆ, ಅದಕ್ಕೇ ಅವರಿಗೆ ವಿವರವಾಗಿ ಉತ್ತರಿಸಬೇಕು. ಮೇಷ್ಟ್ರೇ, ನೀವು ಮಡಿಲಲ್ಲಿ ಇಟ್ಟುಕೊಂಡ ವಾದ್ಯ ಯುರೋಪಿನದು. ಅದನ್ನು ಕರ್ನಾಟಕ ಸಂಗೀತಕ್ಕೆ ತಂದವರು ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು, ಅದೂ ಕೇವಲ ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ. ನೀವು ದೇವರಂತೆ ಕಾಣುವ ದ್ವಾರಂ ವೆಂಕಟಸ್ವಾಮಿ ನಾಯ್ಡು ಅವರು 1893ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ, ಬೆಳೆದದ್ದು ವಿಶಾಖಪಟ್ಟಣದಲ್ಲಿ, ಪಾಠ ಹೇಳಿದ್ದು ವಿಜಯನಗರಂನ ಮಹಾರಾಜರ ಸಂಗೀತ ಕಾಲೇಜಿನಲ್ಲಿ. ವಿಜಯವಾಡಕ್ಕೆ ದೂರವಲ್ಲದ ಪಾಲಕೊಲ್ಲಿನಲ್ಲಿ ಹುಟ್ಟಿದ ಯು. ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೊಲಿನ್ನಿನಲ್ಲಿ ತ್ಯಾಗರಾಜರ ಕೃತಿ ನುಡಿಸಿದಾಗ ಅದು ಯಾರ ವಾದ್ಯ ಎಂದು ಯಾರೂ ಈಗ ಕೇಳುವುದಿಲ್ಲ. ವಾದ್ಯಕ್ಕೆ ಅನ್ವಯಿಸುವ ನ್ಯಾಯ ಶೈಲಿಗೂ ಅನ್ವಯಿಸಲಿ. ಪಿಟೀಲಿನ ಮಾತು ಬೇರೆ, ಅದರಲ್ಲಿ ನುಡಿಸಿದ್ದು ನಮ್ಮ ರಾಗ ಎಂದು ನೀವು ಹೇಳುತ್ತೀರಿ. ಸರಿ. ಆದರೆ ಬೆಂಗಳೂರಿನಲ್ಲಿ ಮಿಲೇನಿಯಂನಂಥ ತಂಡ ಮೆಟಲ್ ಹಾಡಿದ್ದು 80ರ ದಶಕದ ಕೊನೆಯಿಂದ. 2011ರ ಅಕ್ಟೋಬರಿನಲ್ಲಿ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ಅಲ್ಲಿ ನೆರೆದವರು ಹಾಡಿನ ಪ್ರತಿ ಸಾಲನ್ನೂ ಬಾಯಿಪಾಠ ಹೇಳಿದವರು. ಮರುವರ್ಷವೇ ಸ್ಲೇಯರ್ ಬಂತು. ಮೂರು ದಶಕ ಒಂದು ಊರಿನ ಹುಡುಗರು ಬೆರಳು ಸವೆಸಿ ಕಲಿತದ್ದು ಆ ಊರಿನದಾಗದೆ ಇನ್ಯಾರದಾಗುತ್ತದೆ?

ಈಗ ನನಗೆ ನಿಜಕ್ಕೂ ಸಿಟ್ಟು ತರಿಸುವ ಆರೋಪಕ್ಕೆ ಬರುತ್ತೇನೆ. ಇದನ್ನು ಹೊರಿಸುವವರು ಆಲ್ಬಮ್ಮಿನ ವೈರಿಗಳಲ್ಲ, ಅಭಿಮಾನಿಗಳು. 'ಸ್ಪೈರಲ್ ಅಸೆಂಟ್' ಒಂದೇ ನಿಜವಾದ ಕ್ರಿಪ್ಟೋಸ್, ಅದರಲ್ಲಿ ತಿರುವುಗಳಿದ್ದವು, ಹಾಡು ಎಲ್ಲಿಂದೆಲ್ಲಿಗೋ ಹೋಗುತ್ತಿತ್ತು, ಆಮೇಲೆ ಇವರು ಎಲ್ಲ ಕತ್ತರಿಸಿ ಸಲೀಸು ಮಾಡಿಕೊಂಡರು ಎಂಬುದು ಅವರ ಅಳಲು. ನಕಲು ಎನ್ನುವವರೂ ಇವರೂ ಒಂದೇ ಬೆಂಚಿನಲ್ಲಿ ಕೂತು ಒಬ್ಬರನ್ನೊಬ್ಬರು ಅನುಮೋದಿಸುವುದು ನನಗೆ ಅರ್ಥವಾಗಿಲ್ಲ.

ನಡೆದದ್ದೇನು ನೋಡಿ. 2008ರ 'ದಿ ಆರ್ಕ್ ಆಫ್ ಜೆಮಿನಿ', 2012ರ 'ದಿ ಕಾಯಿಲ್ಸ್ ಆಫ್ ಅಪೋಲಿಯನ್' ದಾಟಿ 2016ರ 'ಬರ್ನ್ ಅಪ್ ದಿ ಸ್ಕೈ'ಗೆ ಬರುವಷ್ಟರಲ್ಲಿ ಹಾಡುಗಳ ಮೈ ಇಳಿದಿದೆ. 2019ರ 'ಆಫ್ಟರ್‌ಬರ್ನರ್'ನಲ್ಲಿ ಎಂಟೇ ಹಾಡು, ಒಂದರಲ್ಲೂ ಕೊಬ್ಬಿಲ್ಲ. ಇದೇ ದಾರಿಯನ್ನು ಸ್ಲೇಯರ್ ನಡೆದಿತ್ತು. ಮೊದಲ ಆಲ್ಬಮ್ ಆದ ಮೇಲೆ 1985ರ 'ಹೆಲ್ ಅವೇಟ್ಸ್'ನಲ್ಲಿ ಹಾಡುಗಳನ್ನು ಹಿಗ್ಗಿಸಿ ಏಳಕ್ಕೆ ನಿಲ್ಲಿಸಿದರು. ಮರುವರ್ಷ 'ರೇನ್ ಇನ್ ಬ್ಲಡ್'ನಲ್ಲಿ ಹತ್ತು ಹಾಡುಗಳನ್ನು ಅರ್ಧ ಗಂಟೆಯೊಳಗೆ ಮುಗಿಸಿದರು. ಅದನ್ನು ಯಾರಾದರೂ ಶರಣಾಗತಿ ಎಂದರೇ? ಮೆಟಾಲಿಕಾ ನಡೆದದ್ದು ವಿರುದ್ಧ ದಿಕ್ಕಿಗೆ. 1984ರ 'ರೈಡ್ ದಿ ಲೈಟ್ನಿಂಗ್' ತೆರೆಯುವುದೇ ಅಕೂಸ್ಟಿಕ್ ಗಿಟಾರಿನಿಂದ. ಅದರಲ್ಲಿನ 'ಫೇಡ್ ಟು ಬ್ಲ್ಯಾಕ್' ಕೇಳಿ, ಇವರು ಮಾರಿಕೊಂಡರು ಎಂದು ಹಳೆಯ ಅಭಿಮಾನಿಗಳು ಕೂಗಿದರು. ಉದ್ದ ಮಾಡಿದರೂ ದೂರು, ಗಿಡ್ಡ ಮಾಡಿದರೂ ದೂರು.

ಗಿಡ್ಡ ಹಾಡು ಸಲೀಸು ಎನ್ನುವ ಗಾಜುವಾಕದ ಹುಡುಗರಿಗೆ ಒಂದು ಮಾತು. ಗಿಟಾರು ಕೈಗೆತ್ತಿಕೊಳ್ಳಿ. ಬಲ ಅಂಗೈಯ ಅಂಚನ್ನು ಬ್ರಿಡ್ಜಿನ ಹತ್ತಿರ ತಂತಿಗೆ ಒತ್ತಿ, ಪಿಕ್ಕನ್ನು ಕೆಳಮುಖವಾಗಿ ಮಾತ್ರ ಬಡಿಯುತ್ತ ಹೋಗಿ. ಮೇಲೆ ಕೆಳಗೆ ಎರಡೂ ಕಡೆ ಬಡಿದರೆ ವೇಗ ಸುಲಭಕ್ಕೆ ಬರುತ್ತದೆ, ಆದರೆ ಏಟಿನ ತೂಕ ಹೋಗುತ್ತದೆ. ಕೆಳಮುಖದ ಏಟಿಗೆ ಪ್ರತಿ ಸಲವೂ ಒಂದೇ ಗಾತ್ರ. ನಾದ ಮೊಟಕಾಗಿ, ಗಟ್ಟಿಯಾಗಿ ಹೊರಡುತ್ತದೆ. ಅಂಗೈ ಒಂದು ಕೂದಲೆಳೆ ಸರಿದರೆ ತಂತಿ ಪೂರ್ತಿ ಮೊಳಗಿಬಿಡುತ್ತದೆ. ಹೀಗೆ ಒಂದೇ ರಿಫ್ಫನ್ನು, ಅಂದರೆ ಮರಳಿ ಮರಳಿ ಬರುವ ಗಿಟಾರಿನ ತುಣುಕನ್ನು, ಮೂರು ನಿಮಿಷ ಹಿಡಿದು ನಿಲ್ಲಿಸಿ, ಮುಂಗೈ ಉರಿಯುತ್ತದೆ. ಹತ್ತು ತಿರುವಿನ ಹಾಡಿನಲ್ಲಿ ಒಂದು ರಿಫ್ ಸೊರಗಿದರೆ ಮುಂದಿನದು ಬಂದು ಕಾಯುತ್ತದೆ, ಎರಡೇ ರಿಫ್ಫಿನ ಹಾಡಿನಲ್ಲಿ ಕಾಯುವವರು ಯಾರೂ ಇಲ್ಲ. ಮೊದಲ ಆಲ್ಬಮ್ಮಿನಲ್ಲಿ ಗೊತ್ತಿದ್ದುದನ್ನೆಲ್ಲ ಸುರಿದದ್ದು ತಪ್ಪಲ್ಲ. ಯಾವುದು ಉಳಿಯಬೇಕು ಎಂಬುದು ಹಾಗೆ ಸುರಿದ ಮೇಲೇ ತಿಳಿಯುವುದು. ಉಳಿದದ್ದು ನೋಲನ್ ಲೂಯಿಸ್ ಮತ್ತು ರೋಹಿತ್ ಚತುರ್ವೇದಿಯವರ ಜೋಡಿ ಗಿಟಾರಿನ ರಾಗಮೇಳ. ಅದರ ಬೇರು 'ಸ್ಪೈರಲ್ ಅಸೆಂಟ್'ನಲ್ಲೇ ಇದೆ.

ಬದಲಾದವನು ದ್ರೋಹಿ ಎನ್ನುವ ಮಾತನ್ನು ವಿಜಯವಾಡದಲ್ಲಿ ಆಡುವುದಂತೂ ಸಲ್ಲದು. ಆ ಊರಿನ ಆಕಾಶವಾಣಿಯಲ್ಲಿ ದುಡಿದು, ಅಲ್ಲಿನ ಸರ್ಕಾರಿ ಸಂಗೀತ ಕಾಲೇಜಿನ ಮೊದಲ ಪ್ರಾಂಶುಪಾಲರಾದ ಬಾಲಮುರಳಿಕೃಷ್ಣ ಅವರು ಹದಿಹರೆಯದಲ್ಲೇ 72 ಮೇಳಕರ್ತ ರಾಗಗಳಲ್ಲೂ ಕೃತಿ ರಚಿಸಿದವರು. ಆಮೇಲೆ ಅದೇ ಮನುಷ್ಯ ಲವಂಗಿಯಂಥ ನಾಲ್ಕೇ ಸ್ವರದ ರಾಗ ಕಟ್ಟಿದರು. ವೀಣೆಯ ಎಸ್. ಬಾಲಚಂದರ್ ಬಹಿರಂಗವಾಗಿ ಎದುರಾದರು. ಬಾಲಮುರಳಿ ಹಾಡುವುದು ಬಿಡಲಿಲ್ಲ.

ಕಡೆಯ ಆಕ್ಷೇಪ ಕಂಠದ್ದು. ಕರ್ಕಶ, ಮಾತು ತಿಳಿಯುವುದಿಲ್ಲ ಎನ್ನುತ್ತಾರೆ. ಕ್ರಿಪ್ಟೋಸ್‌ನಲ್ಲಿ ಸ್ವರಮಾಧುರ್ಯದ ಹೊಣೆ ಗಿಟಾರುಗಳದು, ಕಂಠ ತಾಳದ ಜೊತೆಗಾರ. ಇಷ್ಟವಾಗದಿದ್ದರೆ ಅದು ನಿಮ್ಮ ಕಿವಿಯ ಹಕ್ಕು, ನನ್ನ ತಂಟೆಯಿಲ್ಲ. ಆದರೆ ಜನಪ್ರಿಯತೆಗಾಗಿ ಹಾಡು ಸರಳ ಮಾಡಿದರು ಎನ್ನುವವರು ಒಂದು ಪ್ರಶ್ನೆಗೆ ಉತ್ತರಿಸಬೇಕು. ಈ ತಂಡ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿತು, ಜರ್ಮನಿಯದೇ ಎಎಫ್‌ಎಂ ರೆಕಾರ್ಡ್ಸ್ ಆಲ್ಬಮ್ ಹೊರತಂದಿತು. ಹೆಚ್ಚು ಜನರನ್ನು ಹಿಡಿಯುವುದೇ ಗುರಿಯಾಗಿದ್ದರೆ ಮೊದಲು ನಯ ಮಾಡಬೇಕಾದದ್ದು ಈ ಕಂಠವನ್ನೇ. 2024ರ 'ಡೆಸಿಮೇಟರ್'ನಲ್ಲೂ ಅದು ಒರಟಾಗಿಯೇ ಇದೆ. ಯಾಕಿದೆ?