ಮುಖಸ್ತುತಿಯೂ ಹವ್ಯಾಸಿಯ ಛಾಯಾಚಿತ್ರವೂ

ಚಳ್ಳಕೆರೆಯ ಪೇಟೆಯಲ್ಲಿ ಶೇಂಗಾ ಕೊಳ್ಳುವವನು ಗೋಣಿಯ ಅಂದವನ್ನು ನೋಡಿ ಬೆಲೆ ಕಟ್ಟುವುದಿಲ್ಲ. ಹಿಡಿ ಕಾಯಿಯನ್ನು ತೆಗೆದು ಸುಲಿದು, ಬೀಜ ತುಂಬಿದೆಯೋ ಜೊಳ್ಳಾಗಿದೆಯೋ ನೋಡಿ, ಎದುರಿಗೆ ನಿಂತ ರೈತನಿಗೆ ಕೇಳಿಸುವಂತೆಯೇ ಹೇಳುವನು. ಮೊಳಕಾಲ್ಮೂರಿನ ನೇಕಾರನು ಮಗ್ಗದ ಗುಳಿಯಲ್ಲಿ ಕಾಲಿಳಿಬಿಟ್ಟು ದಿನಗಟ್ಟಲೆ ನೆಯ್ದ ರೇಷ್ಮೆಯ ಸೀರೆಯನ್ನು ಸಾಹುಕಾರನು ಮಡಿಕೆ ಬಿಚ್ಚಿ ಬೆಳಕಿಗೆ ಹಿಡಿಯುವನು. ಒಡಲೂ ಅಂಚೂ ಕೂಡುವಲ್ಲಿ ಒಂದೆಳೆ ತಪ್ಪಿದ್ದರೂ ಅಲ್ಲಿ ಬೆರಳಿಡುವನು. ಇದರಿಂದ ರೈತನಿಗಾಗಲಿ ನೇಕಾರನಿಗಾಗಲಿ ಮಾನಭಂಗವಾಯಿತೆಂದು ಯಾರೂ ಬಗೆಯುವುದಿಲ್ಲ. ಆದರೆ ಇವೇ ಎರಡು ತಾಲ್ಲೂಕುಗಳ ವಿದ್ಯಾವಂತರ ಮನೆಗಳಲ್ಲಿ, ಮಗನೋ ಅಳಿಯನೋ ಹವ್ಯಾಸಕ್ಕಾಗಿ ತೆಗೆದ ಛಾಯಾಚಿತ್ರವೊಂದು ಕೈಯಿಂದ ಕೈಗೆ ಬರುವಾಗ ಈ ಪರೀಕ್ಷೆಯೆಲ್ಲವೂ ಹೊಸಿಲಿನ ಹೊರಗೆ ನಿಂತುಬಿಡುವುದು. “ಬಹಳ ಚೆನ್ನಾಗಿದೆ.” ನೋಡಿದ್ದು ಅರೆಗಳಿಗೆ, ತೀರ್ಪು ಎರಡು ಮಾತು, ಅಷ್ಟರಲ್ಲಿ ಕಾಫಿಯ ಲೋಟ ಬಂದಿರುವುದು.

ಇದನ್ನು ಸೌಜನ್ಯವೆಂದು ಕರೆಯುವುದು ವಾಡಿಕೆ. ನಿಜವಾಗಿ ಇದು ಸೋಮಾರಿತನ. ಚಿತ್ರವನ್ನು ನೋಡಲು ವೇಳೆ ಬೇಕು; ನೋಡಿದುದನ್ನು ಆಡಿ ಅದಕ್ಕೆ ಹೊಣೆಯಾಗಲು ಧೈರ್ಯ ಬೇಕು. ಎರಡೂ ಇಲ್ಲದವನಿಗೆ ಹೊಗಳಿಕೆಯಷ್ಟು ಅಗ್ಗದ ಬಿಡುಗಡೆ ಬೇರೊಂದಿಲ್ಲ. ಮೇಲಾಗಿ ಇಂದು ಇವನು ಅವನ ಚಿತ್ರವನ್ನು ಹೊಗಳಿದರೆ ನಾಳೆ ಅವನು ಇವನದನ್ನು ಹೊಗಳುವನೆಂಬ ಒಳಒಪ್ಪಂದವೂ ಉಂಟು. ಒಂಟೆಯ ಮದುವೆಯಲ್ಲಿ ಕತ್ತೆಗಳು ಹಾಡಿದ ಕಥೆಯನ್ನು ವಾಚಕರು ಬಲ್ಲರು.

“ಪಾಪ, ಹವ್ಯಾಸಿಗಳಲ್ಲವೆ? ಹೊಟ್ಟೆಪಾಡಿಗೆ ತೆಗೆದುದೇ? ಸಂತೋಷಕ್ಕೆ ತೆಗೆದವರ ಸಂತೋಷವನ್ನು ಕೆಡಿಸುವುದೇಕೆ?” ಎಂಬುದು ಇವರ ಮೊದಲ ವಾದ. ಚಿತ್ರ ಬರೆಯುವುದು ದುಷ್ಯಂತನಿಗೂ ಹೊಟ್ಟೆಪಾಡಾಗಿರಲಿಲ್ಲ. ಆದರೂ ಕಾಳಿದಾಸನ ನಾಟಕದ ಆರನೆಯ ಅಂಕದಲ್ಲಿ, ತಾನೇ ಬರೆದ ಶಕುಂತಲೆಯ ಚಿತ್ರದ ಮುಂದೆ ಕುಳಿತ ಆ ಅರಸು ವಿದೂಷಕನ ಹೊಗಳಿಕೆಯಿಂದ ತಣಿಯಲಿಲ್ಲ. ಇನ್ನೂ ಬರೆಯಬೇಕಾದುದೇನೆಂಬುದನ್ನು ತಾನೇ ಎಣಿಸಿದನು: ಮಾಲಿನೀ ನದಿಯ ಮರಳಿನಲ್ಲಿ ಹಂಸಗಳ ಜೋಡಿ ಬಂದಿಲ್ಲ, ಕೃಷ್ಣಮೃಗದ ಕೊಂಬಿಗೆ ಎಡಗಣ್ಣನ್ನು ತೀಡುವ ಹೆಣ್ಣುಜಿಂಕೆ ಬಂದಿಲ್ಲ, ಶಕುಂತಲೆಯ ಕಿವಿಗೆ ಶಿರೀಷದ ಹೂವನ್ನು ಇಡುವುದೇ ಮರೆತಿದೆ. ಇಷ್ಟನ್ನು ಕೇಳುತ್ತಿದ್ದ ವಿದೂಷಕನಾದರೋ, ಇನ್ನು ಈತನು ಹಲಗೆಯ ತುಂಬ ಉದ್ದ ಗಡ್ಡದ ತಾಪಸರನ್ನು ತುಂಬಿಬಿಡುವನೆಂದು ಅಂದುಕೊಂಡನು. ಚಿತ್ರದಲ್ಲಿ ವಸ್ತು ಹೆಚ್ಚಿದರೆ ಮುಖ್ಯವಾದುದು ಅಡಗುವುದೆಂಬ ಸೂಕ್ಷ್ಮವಾದ ವಿಮರ್ಶೆ ಅದರಲ್ಲಿದ್ದಿತು. ಆದರೆ ಕವಿಯು ಅದನ್ನು ಅವನಿಂದ ಆಡಿಸಿರುವುದು ಸ್ವಗತವಾಗಿ! ಬಾಯಲ್ಲಿ ಪ್ರಶಂಸೆ, ಮನಸ್ಸಿನಲ್ಲಿ ವಿಮರ್ಶೆ. ಚಳ್ಳಕೆರೆಯ ಪಡಸಾಲೆಗಳಲ್ಲಿ ಇಂದು ಕುಳಿತಿರುವವರು ಈ ವಿದೂಷಕನ ವಂಶದವರೇ ಸರಿ. ಅವನಿಗಿದ್ದ ಹಾಸ್ಯ ಮಾತ್ರ ಇವರಿಗಿಲ್ಲ.

ಅಪ್ರಿಯವಾದ ಸತ್ಯವನ್ನು ನುಡಿಯಬಾರದೆಂದು ಮನುವೇ ವಿಧಿಸಿರುವನಲ್ಲಾ ಎಂಬುದು ಇವರ ಎರಡನೆಯ ವಾದ. ಆ ಶ್ಲೋಕವು ಅಲ್ಲಿಗೆ ಮುಗಿಯುವುದಿಲ್ಲ. ಪ್ರಿಯವಾದ ಸುಳ್ಳನ್ನೂ ಆಡಬಾರದೆಂದು ಅದೇ ಉಸಿರಿನಲ್ಲಿ ಹೇಳಿದೆ. ಅರ್ಧಶ್ಲೋಕವನ್ನು ಉಳಿಸಿಕೊಂಡು ಉಳಿದರ್ಧವನ್ನು ಮರೆತವರನ್ನು ಪಾಠಶಾಲೆಯಲ್ಲಾದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ನಷ್ಟವು ಎಷ್ಟೆಂಬುದನ್ನು ಕಾಣಬೇಕಾದರೆ ನಾಯಕನಹಟ್ಟಿಯ ಜಾತ್ರೆಯ ಚಿತ್ರಗಳನ್ನು ನೋಡಬೇಕು. ಫಾಲ್ಗುಣದಲ್ಲಿ ತಿಪ್ಪೇರುದ್ರಸ್ವಾಮಿಯ ತೇರು ಹೊರಡುವಾಗ ಈಗ ಪ್ರತಿಯೊಂದು ಕೈಯಲ್ಲಿಯೂ ಮೊಬೈಲು ಎದ್ದಿರುವುದು. ಎತ್ತಿದ ಕೈಗಳೆಲ್ಲ ತೆಗೆಯುವುದು ಒಂದೇ ಚಿತ್ರ: ನಡುವೆ ತೇರು, ಹಿಂದೆ ಬಿಸಿಲಿಗೆ ಬಿಳುಪೇರಿದ ಆಕಾಶ, ಕೆಳಗೆ ಕಪ್ಪಾದ ತಲೆಗಳು. ಭಕ್ತರು ರಾಶಿರಾಶಿಯಾಗಿ ಒಣಕೊಬ್ಬರಿಯನ್ನು ಸುಡುವರಲ್ಲವೆ? ಆ ಉರಿ, ಆ ಹೊಗೆ, ಹೊಗೆಯ ಹಿಂದಿನಿಂದ ಬಿಸಿಲು ತೂರಿದಾಗ ಒಂದು ಕ್ಷಣ ಮಾತ್ರ ಕಾಣುವ ಮುದುಕಿಯ ಮುಖ, ಮಿಣಿಯನ್ನು ಹಿಡಿದ ಅಂಗೈ, ಇವು ಎಲ್ಲಿ ಹೋದವು? ಮೊದಲ ವರ್ಷವೇ ಯಾರಾದರೂ, “ತಮ್ಮಾ, ತೇರು ಬಂದಿದೆ, ಜಾತ್ರೆ ಬಂದಿಲ್ಲ, ಮುಂದಿನ ಸಲ ಹೊಗೆಯ ಈಚೆಗೆ ನಿಂತು ನೋಡು” ಎಂದಿದ್ದರೆ ಆ ಹುಡುಗನು ಎರಡನೆಯ ವರ್ಷ ಬೇರೆ ಕಡೆ ನಿಲ್ಲುತ್ತಿದ್ದನು. ಯಾರೂ ಹೇಳಲಿಲ್ಲ. ಹತ್ತು ವರ್ಷಗಳಲ್ಲಿ ಅವನು ಹತ್ತು ಸಲ ಅದೇ ಚಿತ್ರವನ್ನು ತೆಗೆದು ಹತ್ತು ಸಲ ಶಭಾಷ್ ಎನ್ನಿಸಿಕೊಂಡನು.

ಶಿಲಾಶಾಸನಗಳ ಪಾಡು ಇದಕ್ಕಿಂತ ಕನಿಷ್ಠ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಲೋಕಕ್ಕೆ ತೋರಿಸಿಕೊಟ್ಟರು. ಪ್ರವಾಸಕ್ಕೆ ಹೋದ ಹವ್ಯಾಸಿಯು ಇಂಥ ಕಲ್ಲಿನ ಎದುರಿಗೆ ನೇರವಾಗಿ ನಿಂತು, ಕ್ಯಾಮರಾದ ದೀಪವನ್ನೂ ನೇರವಾಗಿ ಹೊಡೆದು ಚಿತ್ರ ತೆಗೆಯುವನು. ಕೊರೆದ ಅಕ್ಷರವು ಪಕ್ಕದಿಂದ ಬಿದ್ದ ಓರೆಬೆಳಕಿನಲ್ಲಿ, ತನ್ನ ನೆರಳಿನಿಂದಲೇ ಕಾಣತಕ್ಕದ್ದು. ಎದುರುಬೆಳಕು ಬಿದ್ದೊಡನೆ ನೆರಳು ಸತ್ತು ಲಿಪಿಯೂ ಸಾಯುವುದು. ಚಿತ್ರದಲ್ಲಿ ಉಳಿಯುವುದು ಬರಿಯ ಬಂಡೆ. ಅದನ್ನೂ ಮನೆಯವರು ಅದ್ಭುತವೆನ್ನುವರು! ಪೂಜ್ಯರಿಗೆ ವಿಧೇಯರಾಗಿರಬೇಕು, ಪ್ರಾಣಿಗಳಲ್ಲಿ ದಯೆ ದೃಢವಾಗಿರಬೇಕು ಎಂಬುದರ ಜೊತೆಗೆ ಸತ್ಯವನ್ನು ನುಡಿಯಬೇಕೆಂದೂ ಬ್ರಹ್ಮಗಿರಿಯ ಬಂಡೆಯಲ್ಲಿ ಕೊರೆದಿದೆಯೆಂಬುದು ಈ ಹೊಗಳಿಕೆಗೆ ಒದಗಿದ ವಿನೋದ.

ಪ್ರಾಣಿದಯೆಯ ಮಾತೂ ಇಲ್ಲಿ ಹೊರಗಿನದಲ್ಲ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳ ಹುಲ್ಲಿನಲ್ಲಿ ಕೃಷ್ಣಮೃಗಗಳು ಮೇಯುವುವು. ೨೦೧೦ರ ಆಸುಪಾಸಿನಲ್ಲಿ ಸಾವಿರಾರು ಎಕರೆ ಕಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಸೇರಿದ ಮೇಲೆ ಅವುಗಳಿಗೆ ಉಳಿದ ಬಯಲು ಕಿರಿದಾಗಿದೆ. ಬೈಕಿನಲ್ಲಿ ಬೆನ್ನಟ್ಟಿ, ಮೃಗವು ಪ್ರಾಣಭಯದಿಂದ ನೆಗೆಯುವಾಗ ತೆಗೆದ ಚಿತ್ರವನ್ನು “ಏನು ನೆಗೆತ!” ಎಂದು ಕೊಂಡಾಡುವವನು ಮುಂದಿನ ಭಾನುವಾರದ ಬೆನ್ನಟ್ಟುವಿಕೆಗೆ ಪೆಟ್ರೋಲು ಹಾಕಿದಂತೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅಟ್ಟಿ ಓಡಿಸುವುದನ್ನೂ ಬೇಟೆಯ ಅರ್ಥದಲ್ಲಿಯೇ ಸೇರಿಸಿದೆ. ಚಿತ್ರವನ್ನು ಒಂದು ನಿಮಿಷ ದಿಟ್ಟಿಸಿದರೆ ಹಿಂದಕ್ಕೊತ್ತಿದ ಕಿವಿ, ತೆರೆದ ಬಾಯಿ, ಎದ್ದ ಧೂಳು ಎಲ್ಲವೂ ನಡೆದುದನ್ನು ಹೇಳುವುವು. ಇಲ್ಲಿ ಮೌನವಾಗಿರುವುದು ಸೌಜನ್ಯವಲ್ಲ, ಪಾಲುಗಾರಿಕೆ.

ಹೊಗಳುಭಟರನ್ನು ಬೈದ ಮಾತ್ರಕ್ಕೆ ಬೈಗುಳಕಾರರಿಗೆ ಮಣೆ ಹಾಕಿದಂತಾಗಬಾರದು. ಟೀಕೆಯೆಂದರೆ ಈಗಿನ ಕನ್ನಡದಲ್ಲಿ ತೆಗಳಿಕೆ. ಶಾಸ್ತ್ರದಲ್ಲಿ ಟೀಕೆಯೆಂದರೆ ಮೂಲದ ಅರ್ಥವನ್ನು ಬಿಡಿಸುವ ವ್ಯಾಖ್ಯಾನ. ಮಲ್ಲಿನಾಥನು ಆಧಾರವಿಲ್ಲದುದನ್ನೂ ಅಪೇಕ್ಷಿತವಲ್ಲದುದನ್ನೂ ಬರೆಯೆನೆಂದು ತನಗೆ ತಾನೇ ಕಟ್ಟುಹಾಕಿಕೊಂಡಿದ್ದನು. ಛಾಯಾಚಿತ್ರದ ಟೀಕಾಕಾರನೂ ಅದೇ ಕಟ್ಟಿನಲ್ಲಿರತಕ್ಕದ್ದು. ಚಿತ್ರದಲ್ಲಿ ಕಾಣುವುದನ್ನು ಕುರಿತು ಮಾತ್ರ ಮಾತು; ತೆಗೆದವನ ಬುದ್ಧಿ, ಕುಲ, ಕ್ಯಾಮರಾದ ಬೆಲೆ ಇವು ಮೂಲದಲ್ಲಿಲ್ಲ. “ಇಂಥ ಲೆನ್ಸು ಕೊಳ್ಳಬಾರದಿತ್ತು” ಎಂದು ಶುರುಮಾಡಿ ತನ್ನ ಪಾಂಡಿತ್ಯವನ್ನು ಹರಡುವವನು ಟೀಕಾಕಾರನಲ್ಲ, ಅಂಗಡಿಯ ದಲ್ಲಾಳಿ. ನೇಕಾರಳ ಚಿತ್ರದಲ್ಲಿ ಮುಖದ ಸುಕ್ಕೆಲ್ಲ ಬಂದು ಲಾಳಿ ಹಿಡಿದ ಕೈ ಚೌಕಟ್ಟಿನ ಹೊರಗುಳಿದಿದ್ದರೆ, ಆ ಕತ್ತರಿಸಿದ ಮಣಿಕಟ್ಟನ್ನು ಬೆರಳಿನಿಂದ ತೋರಿಸಿ “ಇಲ್ಲಿ ಕೆಲಸವೇ ಕಾಣದಾಯಿತು” ಎನ್ನಬೇಕು. ಮುಖದ ಮೇಲಿನ ಬೆಳಕು ಹದವಾಗಿ ಬಿದ್ದಿದ್ದರೆ ಅದನ್ನೂ ಅಷ್ಟೇ ಖಚಿತವಾಗಿ ಹೇಳಬೇಕು; ಕಾರಣ ಸಹಿತವಾದ ಮೆಚ್ಚಿಕೆಯೂ ಟೀಕೆಯೇ.

ಕೇಳುವವನ ಕಡೆಯ ದೋಷವೂ ಕಡಿಮೆಯದಲ್ಲ. “ದಯವಿಟ್ಟು ನಿಜ ಹೇಳಿ” ಎಂದು ಚಿತ್ರವನ್ನು ಮುಂದಿಡುವನು. ನಿಜವನ್ನಾಡಿದೊಡನೆ, ಅಂದು ಮೋಡವಿತ್ತು, ಜನ ನೂಕಿದರು, ಬ್ಯಾಟರಿ ಮುಗಿಯಿತು ಎಂದು ವಕಾಲತ್ತು ಹೂಡುವನು. ಮೋಡವಿದ್ದುದು ದಿಟವೇ ಇರಬಹುದು. ಆದರೆ ಚಿತ್ರದ ಜೊತೆಗೆ ತೆಗೆದವನೂ ಮನೆಮನೆಗೆ ಹೋಗಿ ಅರ್ಥ ಹೇಳಲಾದೀತೆ? ಸೊಂಡೂರಿನ ಎಂ. ವೈ. ಘೋರ್ಪಡೆಯವರು ರಾಜ್ಯದ ಹಣಕಾಸಿನ ಮಂತ್ರಿಗಳಾಗಿದ್ದವರು. ವನ್ಯಜೀವಿಗಳ ಛಾಯಾಚಿತ್ರಗಳಿಂದ ಅಂತರರಾಷ್ಟ್ರೀಯ ಮನ್ನಣೆಯನ್ನೂ ಪಡೆದರು. ಛಾಯಾಚಿತ್ರದಲ್ಲಿ ಅವರೂ ಹವ್ಯಾಸಿಗಳೇ. ಇಂಥ ಪ್ರದರ್ಶನಗಳಲ್ಲಿ ತೀರ್ಪುಗಾರರ ಮುಂದೆ ಚಿತ್ರ ಬರುವುದು, ಹೆಸರು ಬರುವುದಿಲ್ಲ. ಮಂತ್ರಿಯ ಕೃತಿಯೆಂದು ಯಾರೂ ಎದ್ದು ನಿಲ್ಲರು. ಆದರೆ ಅಲ್ಲಿಯ ಉತ್ತರವು ಬಹುಮಟ್ಟಿಗೆ ಸ್ವೀಕೃತ ಅಥವಾ ತಿರಸ್ಕೃತ ಎಂದಷ್ಟೆ. ಏಕೆಂಬುದನ್ನು ಹೇಳಲು ಹತ್ತಿರದವರೇ ಬೇಕು.

ಬೆಂಗಳೂರಿನಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿಯು ೧೯೭೧ರಲ್ಲಿಯೇ ಹುಟ್ಟಿತು. ಚಳ್ಳಕೆರೆ ಮೊಳಕಾಲ್ಮೂರುಗಳಿಗೆ ಅಷ್ಟು ದೊಡ್ಡ ಏರ್ಪಾಟು ಬೇಕಾಗಿಲ್ಲ. ತಿಂಗಳಿಗೊಂದು ಸಂಜೆ, ಶಾಲೆಯ ಒಂದು ಕೊಠಡಿ, ಗೋಡೆಯ ಮೇಲೆ ಹೆಸರಿಲ್ಲದ ಚಿತ್ರಗಳು ಇದ್ದರೆ ಸಾಕು. ತೆಗೆದವನು ಎಲ್ಲರ ಮಾತು ಮುಗಿಯುವವರೆಗೆ ಬಾಯಿ ತೆರೆಯಬಾರದು. ಮಾತನಾಡುವವನು ಎದ್ದು ಹೋಗಿ ಚಿತ್ರದ ಯಾವ ಸ್ಥಳವೆಂದು ಬೆರಳಿಟ್ಟು ತೋರಿಸಬೇಕು. ಚಿತ್ರಗಳು ಹನ್ನೆರಡನ್ನು ಮೀರಬಾರದು. ನಲವತ್ತಾದರೆ ಮತ್ತೆ ಎರಡು ಮಾತಿನ ತೀರ್ಪೇ ಗತಿಯಾಗುವುದು.