ರಾತ್ರಿ ರೈಲು, ಕೊನೆ ನಿಮಿಷದ ಗೋಲು: ಬಿಎಫ್‌ಸಿ ಅಭಿಮಾನಿಗೆ ಈ ಸಲ ಅರ್ಧ ಸೀಸನ್

ಕೆಜಿಎಫ್: ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್ ಫೆಬ್ರವರಿ 14ಕ್ಕೆ ಶುರು ಅಂತ ಕೇಂದ್ರ ಕ್ರೀಡಾ ಸಚಿವ ಮನ್ಸುಖ್ ಮಾಂಡವೀಯ ಜನವರಿ 6ರಂದು ಪ್ರಕಟಿಸಿದರು. ಐದು ತಿಂಗಳು ತಡವಾದರೂ ಲೀಗ್ ನಡೆಯುತ್ತಲ್ಲ ಅನ್ನೋದು ಸಮಾಧಾನದ ಮಾತು. ಆದರೆ ನಮ್ಮ ತಾಲ್ಲೂಕಿನಿಂದ ಬೆಂಗಳೂರಿಗೆ ಹೋಗಿ ಬೆಂಗಳೂರು ಎಫ್‌ಸಿ ಪಂದ್ಯ ನೋಡುವವರು ಒಂದು ಸಣ್ಣ ಲೆಕ್ಕ ಹಾಕಿದರೆ ಆ ಸಮಾಧಾನ ಅರ್ಧಕ್ಕೆ ಇಳಿಯುತ್ತೆ.

ಈ ಸಲ 14 ತಂಡ. ಪ್ರತಿ ತಂಡ ಇನ್ನೊಂದರ ಜೊತೆ ಒಂದೇ ಸಲ ಆಡಬೇಕು. ಒಟ್ಟು 91 ಪಂದ್ಯ, ಒಂದು ತಂಡಕ್ಕೆ 13. ಹೋದ ಸೀಸನ್‌ನಲ್ಲಿ, ಅಂದರೆ 2024-25ರಲ್ಲಿ, 13 ತಂಡಗಳಿದ್ದು ತವರಲ್ಲೊಂದು, ಹೊರಗೊಂದು ಅಂತ ತಲಾ 24 ಪಂದ್ಯ ಆಡಿದ್ದವು. ಅದರಲ್ಲಿ 12 ತವರಿನವು. ಮೇಲೆ ನಾಕೌಟ್, ಸೆಮಿಫೈನಲ್ ಸೇರಿ ಕಂಠೀರವದಲ್ಲಿ ಬಿಎಫ್‌ಸಿಗೆ 14 ಸಂಜೆ ಸಿಕ್ಕಿದ್ದವು. ಈ ಸಲ ತವರಿನ ಲೀಗ್ ಪಂದ್ಯ ಆರೋ ಏಳೋ, ಅಷ್ಟೇ.

ಟಿವಿಯಲ್ಲಿ ನೋಡುವವರಿಗೆ ಇದು ಅಂಥ ದೊಡ್ಡ ವ್ಯತ್ಯಾಸ ಅಲ್ಲ. ಅಂಗಡಿ ಬಾಗಿಲು ಬೇಗ ಎಳೆದು ನೂರು ಕಿಲೋಮೀಟರ್ ಹೋಗಿ ಬರೋರಿಗೆ ವ್ಯತ್ಯಾಸ.

ಒಂದು ಪಂದ್ಯಕ್ಕೆ ಒಂದು ದಿನ

ರಾಬರ್ಟ್‌ಸನ್‌ಪೇಟೆಯಲ್ಲಿ ಒಬ್ಬರು ಮೊಬೈಲ್ ಬಿಡಿಭಾಗದ ಅಂಗಡಿ ಇಟ್ಟಿದ್ದಾರೆ ಅಂದುಕೊಳ್ಳಿ. ಪಂದ್ಯ ಹೆಚ್ಚಾಗಿ ಸಂಜೆ 7.30ಕ್ಕೆ. ಮಧ್ಯಾಹ್ನವೇ ಅಂಗಡಿ ತಮ್ಮನಿಗೋ ಹುಡುಗನಿಗೋ ಒಪ್ಪಿಸಬೇಕು. ಮಾರಿಕುಪ್ಪಂ ಕಡೆಯಿಂದ ಬರೋ ರೈಲು ಹತ್ತಿ ಕೆ.ಆರ್.ಪುರದಲ್ಲಿ ಇಳಿದು ನೇರಳೆ ಮಾರ್ಗದ ಮೆಟ್ರೊ ಹಿಡಿದರೆ ಕಬ್ಬನ್ ಪಾರ್ಕ್ ನಿಲ್ದಾಣ, ಅಲ್ಲಿಂದ ಕಂಠೀರವಕ್ಕೆ ಕಾಲ್ನಡಿಗೆ. ಹೋಗೋದು ಸುಲಭ. ದಿನಾ ಬೆಳಗ್ಗೆ ಕೆಲಸಕ್ಕೆ ಹೋಗುವ ಸಾವಿರಾರು ಮಂದಿಯ ದಾರಿಯೇ ಅದು.

ಕಷ್ಟ ಇರೋದು ವಾಪಸ್ ಬರೋದರಲ್ಲಿ. ಪಂದ್ಯ ಮುಗಿಯೋ ಹೊತ್ತಿಗೆ ಒಂಬತ್ತೂವರೆ. ಬಂಗಾರಪೇಟೆಯಲ್ಲಿ ನಿಲ್ಲೋ ಯಾವುದಾದರೂ ರಾತ್ರಿ ರೈಲು ಹಿಡಿದು, ಅಲ್ಲಿಂದ ಕೆಜಿಎಫ್‌ಗೆ ಆಟೊ ಹುಡುಕಬೇಕು. ಇಲ್ಲವೇ ನಾಲ್ಕೈದು ಜನ ಸೇರಿ ಕಾರು ಮಾಡಿಕೊಳ್ಳಬೇಕು. ಮನೆ ಸೇರುವಾಗ ತಾರೀಖು ಬದಲಾಗಿರುತ್ತೆ. ಮಾರನೇ ದಿನ ಒಂಬತ್ತಕ್ಕೆ ಅಂಗಡಿ ತೆಗೀಲೇಬೇಕು. ಹೋದ ಸೀಸನ್ ನಡುವೆಯೇ, 2025ರ ಫೆಬ್ರವರಿ 9ರಂದು, ಮೆಟ್ರೊ ದರವೂ ಏರಿತು. ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ಟಿಕೆಟ್ ಬೆಲೆ ಎಲ್ಲರಿಗೂ ಗೊತ್ತು. ಟಿಕೆಟ್‌ನ ಆಚೆ ಹೋಗೋ ದುಡ್ಡು, ಬಿಟ್ಟ ವ್ಯಾಪಾರ, ಕೆಟ್ಟ ನಿದ್ದೆ ಇವನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

ಫುಟ್‌ಬಾಲ್‌ನ ಸ್ವಭಾವವೂ ರೈಲಿನ ವೇಳಾಪಟ್ಟಿಗೆ ವಿರುದ್ಧ. 2024ರ ಡಿಸೆಂಬರ್ 7ರ ಶನಿವಾರ ಕೇರಳ ಬ್ಲಾಸ್ಟರ್ಸ್ ವಿರುದ್ಧ ಬಿಎಫ್‌ಸಿ 4-2ರಿಂದ ಗೆದ್ದಿತು. ಸುನಿಲ್ ಚೆಟ್ರಿ ಹ್ಯಾಟ್ರಿಕ್. 40 ವರ್ಷ ದಾಟಿದ ಆಟಗಾರ ಐಎಸ್‌ಎಲ್‌ನಲ್ಲಿ ಹ್ಯಾಟ್ರಿಕ್ ಹೊಡೆದದ್ದು ಅದೇ ಮೊದಲು. ಮೂರನೇ ಗೋಲು ಬಂದದ್ದು 90 ನಿಮಿಷ ಕಳೆದ ಮೇಲೆ, ಸೇರಿಸಿದ ಸಮಯದಲ್ಲಿ. ರೈಲಿನ ಭಯಕ್ಕೆ ಐದು ನಿಮಿಷ ಮುಂಚೆ ಗೇಟು ದಾಟಿದವರು ಆ ಕೂಗನ್ನ ಕಸ್ತೂರಬಾ ರಸ್ತೆಯಲ್ಲಿ ನಿಂತು ಕೇಳಿಸಿಕೊಳ್ಳಬೇಕು.

ಹಾಗಂತ ಕೊನೆವರೆಗೂ ಕೂತವರಿಗೆ ಯಾವಾಗಲೂ ಹಬ್ಬ ಅಂತಲೂ ಅಲ್ಲ. ಅದಾದ ಒಂದು ತಿಂಗಳಿಗೆ, ಜನವರಿ 11ರಂದು, ಅದೇ ಮೈದಾನದಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಬಂತು. ಲೀಗ್‌ಗೆ ಆ ವರ್ಷವೇ ಕಾಲಿಟ್ಟ ತಂಡ. ಕೊನೆಗೆ ಪಟ್ಟಿಯಲ್ಲಿ ಕಟ್ಟಕಡೆಗೆ ನಿಂತ ತಂಡ. ಪಂದ್ಯ ಮುಗಿಯುವ ಹೊತ್ತಿಗೆ ಒಂದು ಫ್ರೀ ಕಿಕ್, ಒಂದು ಗೋಲು, 0-1. ಅಂಥ ರಾತ್ರಿ ವಾಪಸ್ ರೈಲಿನಲ್ಲಿ ಯಾರೂ ಮಾತಾಡಲ್ಲ.

ಒಂದು ಸೀಸನ್ ಅಂದರೆ ಏನು

ಗೊತ್ತಿಲ್ಲದವರಿಗೆ ಸೀಸನ್ ಅಂದರೆ ಕೊನೆಯಲ್ಲಿ ಯಾರು ಗೆದ್ದರು ಅನ್ನೋದು ಮಾತ್ರ. ಬಿಡದೆ ಹಿಂಬಾಲಿಸಿದವರಿಗೆ ಅದು ಏಳು ತಿಂಗಳ ಸಂಸಾರ. 2023-24ರಲ್ಲಿ ಬಿಎಫ್‌ಸಿ 12 ತಂಡಗಳಲ್ಲಿ 10ನೇ ಸ್ಥಾನಕ್ಕೆ ಕುಸಿದಿತ್ತು. ಐ-ಲೀಗ್‌ಗೆ ಬಂದ ಮೊದಲ ವರ್ಷವೇ, 2013-14ರಲ್ಲಿ, ಚಾಂಪಿಯನ್ ಆಗಿದ್ದ ಕ್ಲಬ್. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿತ್ತು. 2019ರಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೆಕೆ ತಲೆಯಿಂದ ಹೊಡೆದ ಗೋಲಿಗೆ ಐಎಸ್‌ಎಲ್ ಗೆದ್ದಿತ್ತು. ಅಂಥ ತಂಡ ಹತ್ತಕ್ಕಿಳಿದಾಗ ಅನೇಕರು ಟಿಕೆಟ್ ಕೊಳ್ಳೋದನ್ನೇ ಬಿಟ್ಟಿದ್ದರೆ ಅವರನ್ನ ತಪ್ಪು ಅನ್ನೋ ಹಾಗಿರಲಿಲ್ಲ.

ಆದರೆ 2024ರ ಸೆಪ್ಟೆಂಬರ್ 14ರಂದು ಈಸ್ಟ್ ಬೆಂಗಾಲ್ ವಿರುದ್ಧ ಬೆಂಗಳೂರಿನ ಹುಡುಗ ವಿನೀತ್ ವೆಂಕಟೇಶ್ ಹೊಡೆದ ಒಂದೇ ಗೋಲಿಗೆ ಗೆಲುವು. ಆಮೇಲೆ ಹೈದರಾಬಾದ್‌ಗೆ ಮೂರು, ಮೋಹನ್ ಬಾಗಾನ್‌ಗೆ ಮೂರು. ಮೊದಲ ಐದು ಪಂದ್ಯಗಳಲ್ಲಿ ಒಂದೂ ಗೋಲು ಬಿಟ್ಟುಕೊಡಲಿಲ್ಲ. ದಸರಾ ಹೊತ್ತಿಗೆ ಪಟ್ಟಿಯ ಮೇಲ್ತುದಿಯಲ್ಲಿದ್ದ ತಂಡ ಜನವರಿಗೆ ಮುಗ್ಗರಿಸಿ, ಕೊನೆಗೆ 38 ಅಂಕದೊಂದಿಗೆ ಮೂರನೇ ಸ್ಥಾನ ಹಿಡಿಯಿತು. ಮಾರ್ಚ್ 29ರ ನಾಕೌಟ್‌ನಲ್ಲಿ ಮುಂಬೈ ಸಿಟಿಗೆ 5-0.

ಏಪ್ರಿಲ್ 2, ಬುಧವಾರ. ಈ ದಿನವನ್ನ ಸ್ವಲ್ಪ ನಿಧಾನವಾಗಿ ನೋಡಬೇಕು. ಕಂಠೀರವದಲ್ಲಿ ಗೋವಾ ಎದುರು ಸೆಮಿಫೈನಲ್‌ನ ಮೊದಲ ಚರಣ. ಕಬ್ಬನ್ ಪಾರ್ಕ್‌ನ ಇನ್ನೊಂದು ಅಂಚಿನಲ್ಲಿ, ಚಿನ್ನಸ್ವಾಮಿ ಮೈದಾನದಲ್ಲಿ, ಅದೇ ಸಂಜೆ ಆರ್‌ಸಿಬಿಯ ಆ ವರ್ಷದ ಮೊದಲ ತವರಿನ ಪಂದ್ಯ. ಎರಡಕ್ಕೂ ಇಳಿಯೋದು ಒಂದೇ ಮೆಟ್ರೊ ನಿಲ್ದಾಣದಲ್ಲಿ. ಕೆಂಪು ಜೆರ್ಸಿ ಸಮುದ್ರದ ನಡುವೆ ನೀಲಿ ಜೆರ್ಸಿ ಹಾಕಿಕೊಂಡು ಎದುರು ದಿಕ್ಕಿಗೆ ನಡೆಯೋದು ಅಂದರೆ ಏನು ಅಂತ ಹೋದವರಿಗೇ ಗೊತ್ತು. ಆ ರಾತ್ರಿ ಆರ್‌ಸಿಬಿ ಗುಜರಾತ್ ಟೈಟನ್ಸ್‌ಗೆ ಎಂಟು ವಿಕೆಟ್‌ನಿಂದ ಸೋತಿತು, ಬಿಎಫ್‌ಸಿ 2-0ಯಿಂದ ಗೆದ್ದಿತು. ಮರುದಿನ ಊರಿನ ಟೀ ಅಂಗಡಿಗಳಲ್ಲಿ ಚರ್ಚೆ ಯಾವುದರ ಬಗ್ಗೆ ಅಂತ ಹೇಳಬೇಕಾಗಿಲ್ಲ.

ನಾಲ್ಕು ದಿನ ಬಿಟ್ಟು ಫಟೋರ್ಡಾದಲ್ಲಿ ಗೋವಾ ಎರಡು ಗೋಲು ಹೊಡೆದು ಸರಿಸಮ ಮಾಡಿತು. ಸೇರಿಸಿದ ಸಮಯದಲ್ಲಿ ಮತ್ತೆ ಚೆಟ್ರಿ, ತಲೆಯಿಂದ. ಒಟ್ಟು 3-2, ಫೈನಲ್. ಏಪ್ರಿಲ್ 12ರಂದು ಕೋಲ್ಕತ್ತದ ಸಾಲ್ಟ್‌ಲೇಕ್‌ನಲ್ಲಿ ಮೊದಲು ಮುಂದಿದ್ದದ್ದು ಬಿಎಫ್‌ಸಿಯೇ. ಪೆನಾಲ್ಟಿಯಲ್ಲಿ ಮೋಹನ್ ಬಾಗಾನ್ ಸಮ ಮಾಡಿತು, ಹೆಚ್ಚುವರಿ ಸಮಯದಲ್ಲಿ ಜೇಮಿ ಮ್ಯಾಕ್ಲಾರೆನ್ ಮುಗಿಸಿದ. 2-1. ಎರಡು ವರ್ಷದ ಹಿಂದೆಯೂ ಅದೇ ಕ್ಲಬ್ ಎದುರು ಫೈನಲ್‌ನಲ್ಲಿ ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲಾಗಿತ್ತು.

ಸೋತ ಅಭಿಮಾನಿಗೆ ಒಂದೇ ಔಷಧಿ, 'ಮುಂದಿನ ಸೆಪ್ಟೆಂಬರ್' ಅನ್ನೋದು. 2025ರಲ್ಲಿ ಸೆಪ್ಟೆಂಬರ್ ಬಂತು, ಫುಟ್‌ಬಾಲ್ ಬರಲಿಲ್ಲ.

ಯಾರ ಒಪ್ಪಂದ, ಯಾರಿಗೆ ನಷ್ಟ

ಕಾರಣ ಮೈದಾನದಲ್ಲಿ ಇರಲಿಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ 15 ವರ್ಷಕ್ಕೆ 700 ಕೋಟಿ ರೂಪಾಯಿಗೆ ವಾಣಿಜ್ಯ ಹಕ್ಕು ಕೊಟ್ಟಿತ್ತು. ಆ ಒಪ್ಪಂದದ ಮೇಲೇ 2014ರಲ್ಲಿ ಐಎಸ್‌ಎಲ್ ಹುಟ್ಟಿದ್ದು. ಅವಧಿ 2025ರ ಡಿಸೆಂಬರ್‌ಗೆ ಮುಗಿಯುತ್ತೆ ಅನ್ನೋದು 15 ವರ್ಷ ಮುಂಚೆಯೇ ಕಾಗದದಲ್ಲಿ ಬರೆದ ಮಾತು. ಅಂಗಡಿ ಬಾಡಿಗೆ ಕರಾರು ಮುಗಿಯುವ ತಾರೀಖು ಗೊತ್ತಿದ್ದೂ ಕೊನೆ ತಿಂಗಳವರೆಗೆ ಮಾಲೀಕರ ಹತ್ತಿರ ಮಾತಾಡದೆ ಕೂತ ಹಾಗೆ ಆಯ್ತು ಇದು. ನಡುವೆ ಫೆಡರೇಷನ್‌ನ ಸಂವಿಧಾನದ ವಿಷಯ ಸುಪ್ರೀಂ ಕೋರ್ಟ್‌ನಲ್ಲಿತ್ತು ಅನ್ನೋದೂ ನಿಜ. ಅದು ಇತ್ಯರ್ಥ ಆಗೋವರೆಗೆ ಹೊಸ ಕರಾರಿಗೆ ಕೈ ಹಾಕೋ ಹಾಗಿರಲಿಲ್ಲ.

ಸೀಸನ್ ತಡೆಹಿಡಿದಿದ್ದೇವೆ ಅಂತ ಲೀಗ್ ನಡೆಸುವ ಕಂಪನಿ ಜುಲೈ 11ರಂದು ತಿಳಿಸಿತು. ಆಗಸ್ಟ್‌ನಲ್ಲಿ ಬಿಎಫ್‌ಸಿ ತನ್ನ ಮೊದಲ ತಂಡದ ಆಟಗಾರರು ಹಾಗೂ ಸಿಬ್ಬಂದಿಯ ಸಂಬಳವನ್ನೇ ಅನಿರ್ದಿಷ್ಟ ಕಾಲಕ್ಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ಸೆಪ್ಟೆಂಬರ್ 19ಕ್ಕೆ ಕೋರ್ಟ್ ತೀರ್ಪು ಬಂತು. ಆಮೇಲೆ ಹಕ್ಕುಗಳಿಗೆ ಟೆಂಡರ್ ಕರೆದರು. ನವೆಂಬರ್ 7ರ ಗಡುವಿಗೆ ಒಂದೇ ಒಂದು ಬಿಡ್ ಬರಲಿಲ್ಲ. ದೇಶದ ಅತಿ ದೊಡ್ಡ ಫುಟ್‌ಬಾಲ್ ಲೀಗ್‌ಗೆ ಕೊಳ್ಳುವವರೇ ಇಲ್ಲ! ಕೊನೆಗೆ ಸರ್ಕಾರ ಮಧ್ಯೆ ಬಂದು ಫೆಬ್ರವರಿ 14ರ ತಾರೀಖು ನಿಗದಿಯಾಯಿತು.

ಇಷ್ಟರಲ್ಲಿ ಕ್ಲಬ್‌ಗಳ ಮಾತು ಬಂತು, ಆಟಗಾರರ ಮಾತು ಬಂತು, ಪ್ರಸಾರದವರ ಮಾತು ಬಂತು. ಅವರೆಲ್ಲರ ನಷ್ಟ ನಿಜವೇ, ಅದರಲ್ಲೂ ಸಂಬಳ ನಿಂತ ಆಟಗಾರನದ್ದು. ಆದರೆ ಟಿಕೆಟ್ ಕೊಂಡು ಬರುವವನ ಹತ್ತಿರ ಯಾವ ಕರಾರೂ ಇಲ್ಲ, ಹಾಗಾಗಿ ಅವನ ನಷ್ಟಕ್ಕೆ ಹೆಸರೂ ಇಲ್ಲ. 2018ರಲ್ಲಿ ಭಾರತ ತಂಡದ ಪಂದ್ಯಕ್ಕೆ ಮುಂಬೈಯಲ್ಲಿ ಜನ ಬರದಿದ್ದಾಗ ಇದೇ ಚೆಟ್ರಿ ವಿಡಿಯೊ ಮಾಡಿ, ಬೈಯೋದಕ್ಕಾದರೂ ಬನ್ನಿ ಅಂತ ಕೈ ಮುಗಿದು ಕೇಳಿಕೊಂಡಿದ್ದರು. ಕೀನ್ಯಾ ವಿರುದ್ಧದ ಮುಂದಿನ ಪಂದ್ಯಕ್ಕೆ ಕ್ರೀಡಾಂಗಣ ತುಂಬಿತು. ಕರೆದರೆ ಒಂದು ಸಲ ಜನ ಬರ್ತಾರೆ. ಮಳೆ ಬಂದಾಗಲೂ, ತಂಡ 10ನೇ ಸ್ಥಾನದಲ್ಲಿದ್ದಾಗಲೂ ಬರೋರು ಬೇರೆ. ಅವರು ಬರೋದು ಅಭ್ಯಾಸದಿಂದ. ವೆಸ್ಟ್ ಬ್ಲಾಕ್ ಬ್ಲೂಸ್ ಬಳಗ 2013ರಿಂದ ಕಟ್ಟಿಕೊಂಡು ಬಂದದ್ದು ಆ ಅಭ್ಯಾಸವನ್ನೇ. ಒಂಬತ್ತು ತಿಂಗಳ ಹಿಂದೆ ಕಡಿದುಹೋದದ್ದೂ ಅದೇ.

ಫೆಬ್ರವರಿಯ ತೊಡಕು

ಲೀಗ್ ಶುರುವಾಗುವ ಸಮಯ ನಮ್ಮ ಕಡೆಯವರಿಗೆ ಇನ್ನೊಂದು ತೊಡಕು. ಸೆಪ್ಟೆಂಬರ್‌ನಿಂದ ಶುರುವಾಗುತ್ತಿದ್ದ ಸೀಸನ್ ದಸರಾ, ದೀಪಾವಳಿಗಳ ಜೊತೆ ಹೊಂದಿಕೊಂಡು ಹೋಗುತ್ತಿತ್ತು. ಈಗ ಫೆಬ್ರವರಿ 14ರ ಬೆನ್ನಿಗೇ ರಂಜಾನ್ ತಿಂಗಳು. ಬಟ್ಟೆ, ಹಣ್ಣು, ಖರ್ಜೂರದ ಅಂಗಡಿಯವರಿಗೆ ವ್ಯಾಪಾರ ಇರೋದೇ ಸಂಜೆ ಐದರಿಂದ ರಾತ್ರಿವರೆಗೆ. ಅದರ ಹಿಂದೆ ಎಸ್‌ಎಸ್‌ಎಲ್‌ಸಿ, ಪಿಯುಸಿ ಪರೀಕ್ಷೆ. ಮಗ ಪುಸ್ತಕ ಹಿಡಿದಿರುವಾಗ ಅಪ್ಪ ಮ್ಯಾಚ್‌ಗೆ ಹೊರಟರೆ ಮನೆಯಲ್ಲಿ ಏನಾಗುತ್ತೆ ಅಂತ ಬೇರೆ ಹೇಳಬೇಕಿಲ್ಲ. ಅದು ಮುಗಿಯೋ ಹೊತ್ತಿಗೆ ಐಪಿಎಲ್ ಬಂದಿರುತ್ತೆ. ಆರೇಳು ಪಂದ್ಯದಲ್ಲಿ ನಿಜವಾಗಿ ಹೋಗಲು ಸಾಧ್ಯ ಆಗೋದು ಮೂರೋ ನಾಲ್ಕೋ.

ಒಂದೇ ಸುತ್ತಿನ ಲೀಗ್‌ನಲ್ಲಿ ಇನ್ನೊಂದು ಅನ್ಯಾಯವೂ ಇದೆ. ಕೇರಳ ಬ್ಲಾಸ್ಟರ್ಸ್ ಆಗಲಿ ಚೆನ್ನೈಯಿನ್ ಆಗಲಿ, ಬಂದರೆ ಇಲ್ಲಿಗೆ ಬರಬೇಕು, ಇಲ್ಲವೇ ನಾವು ಅಲ್ಲಿಗೆ ಹೋಗಬೇಕು. ಎರಡೂ ಇಲ್ಲ. ಬ್ಲಾಸ್ಟರ್ಸ್ ಜೊತೆಗಿನ ಜಿದ್ದು 2023ರ ಮಾರ್ಚ್ 3ರಂದು ಇದೇ ಕಂಠೀರವದಲ್ಲಿ ಚೆಟ್ರಿಯ ಫ್ರೀ ಕಿಕ್ ಗೋಲಿಗೆ ಸಿಟ್ಟಾಗಿ ಅವರು ಮೈದಾನ ಬಿಟ್ಟು ನಡೆದ ದಿನದಿಂದ ಇನ್ನೂ ಆರಿಲ್ಲ. ಚೆನ್ನೈಯಿನ್ ವಿಷಯ ನಮ್ಮೂರಿಗೆ ಇನ್ನೂ ಹತ್ತಿರದ್ದು. ಕೆಜಿಎಫ್‌ನಲ್ಲಿ ತಮಿಳು ಮಾತಾಡೋ ಮನೆಗಳು ಎಷ್ಟು ಅಂತ ಎಲ್ಲರಿಗೂ ಗೊತ್ತು. 2018ರ ಮಾರ್ಚ್ 17ರಂದು ಕಂಠೀರವದಲ್ಲೇ ನಡೆದ ಫೈನಲ್‌ನಲ್ಲಿ ಚೆನ್ನೈಯಿನ್ 3-2ರಿಂದ ಗೆದ್ದಾಗ ಒಂದೇ ಸೋಫಾದ ಮೇಲೆ ಎರಡು ಪಕ್ಷ ಇದ್ದ ಮನೆಗಳು ಇಲ್ಲಿ ಇದ್ದಿರಲೇಬೇಕು.

ಒಂದು ಅನುಕೂಲ ಮಾತ್ರ ಕೆಜಿಎಫ್‌ನವರಿಗೆ ಬೆಂಗಳೂರಿನವರಿಗಿಂತ ಹೆಚ್ಚು. ಹೊರ ಊರಿನ ಪಂದ್ಯ ಚೆನ್ನೈಯಲ್ಲಿ ಬಿದ್ದರೆ ಬಂಗಾರಪೇಟೆ ಆ ದಾರಿಯಲ್ಲೇ ಇದೆ. ಕೇರಳಕ್ಕೆ ಹೋಗೋ ಹಲವು ರೈಲುಗಳೂ ಇದೇ ಹಳಿ ಮೇಲೆ ಜೋಲಾರಪೇಟೆ ಕಡೆ ತಿರುಗುತ್ತವೆ. ಬೆಂಗಳೂರಿನ ಅಭಿಮಾನಿ ಹೊರಟ ಮೇಲೆ ಒಂದೂವರೆ ಗಂಟೆ ಬಿಟ್ಟು ಇಲ್ಲಿಯವರು ಊಟ ಮುಗಿಸಿಕೊಂಡು ಹತ್ತಬಹುದು. ಪಂದ್ಯಪಟ್ಟಿಯಲ್ಲಿ ಚೆನ್ನೈ ಹೆಸರಿನ ಎದುರು ಯಾವ ವಾರ ಅಂತ ನೋಡಿಕೊಂಡು, ಆ ಶನಿವಾರ ಅಂಗಡಿಯಲ್ಲಿ ಕೂರೋದಕ್ಕೆ ಯಾರು ಸಿಗ್ತಾರೆ ಅಂತ ಈಗಲೇ ಕೇಳಿಟ್ಟುಕೊಳ್ಳಬೇಕು.