ಗಫೂರ್ಕನ ಮೋಸಕ್ಕೆ ನಕ್ಕವರು ನಾವು

ಸಿನೆಮಾ ನೋಡುವುದೇ ಬೇಡ ಎನ್ನುವ ಮನೆಗಳು ನಮ್ಮಲ್ಲಿವೆ. ಅವರ ಜೊತೆ ನಮಗೆ ತಕರಾರಿಲ್ಲ. ಆದರೆ ನೋಡುವ ಮನೆಗಳಲ್ಲಿ ಏನು ನೋಡುತ್ತೀರಿ ಎಂದು ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ: ಒಂದು ಕೊಲೆ ಕೇಸು, ಇಲ್ಲದಿದ್ದರೆ ಒಂದು ಕಾಮಿಡಿ. ಅದು ಮಲಯಾಳಂ ಆದರೆ ಇನ್ನೂ ಒಳ್ಳೆಯದು. ಉಮ್ಮನಿಗೆ ಸಬ್‌ಟೈಟಲ್ ಬೇಡ, ಮಕ್ಕಳಿಗೆ ಅರ್ಥ ಹೇಳಿಕೊಡುವ ಕೆಲಸವೂ ಕಡಿಮೆ.

ಸಿನೆಮಾ ಮುಗಿದ ಮೇಲೆ ಮಾತ್ರ ಒಂದು ಮಾತು ಬಂದೇ ಬರುತ್ತದೆ. "ಇವರಿಗೆ ಕಳ್ಳ, ಕೊಲೆಗಾರ, ಸ್ಮಗ್ಲರ್ ಬೇಕಾದರೆ ನಮ್ಮ ಹೆಸರೇ ಯಾಕೆ ಸಿಗುವುದು?" ಈ ದೂರು ಸುಳ್ಳಲ್ಲ. ಆದರೆ ಇದು ಪೂರ್ತಿ ದೂರೂ ಅಲ್ಲ ಎಂದು ನಮ್ಮ ಅಭಿಪ್ರಾಯ. ಯಾಕೆಂದರೆ ನಾವು ಮೂವತ್ತೈದು ವರ್ಷಕ್ಕೂ ಮೇಲಿಂದ ಹೊಟ್ಟೆ ಹಿಡಿದುಕೊಂಡು ನಗುತ್ತಾ ಬಂದಿರುವ ಒಬ್ಬ ಮೋಸಗಾರನ ಹೆಸರು ಗಫೂರ್.

1987ರ 'ನಾಡೋಡಿಕ್ಕಾಟ್' ನೋಡದವರು ಕಡಿಮೆ. ಚಿತ್ರಕಥೆ ಶ್ರೀನಿವಾಸನ್ ಬರೆದು ನಟಿಸಿದ್ದು, ನಿರ್ದೇಶನ ಸತ್ಯನ್ ಅಂತಿಕ್ಕಾಡ್. ಬಿ.ಕಾಂ. ಓದಿಯೂ ಪ್ಯೂನ್ ಕೆಲಸ ಮಾಡುವ ದಾಸನ್, ಅವನ ಜೊತೆಗಾರ ವಿಜಯನ್. ಇದ್ದ ಕೆಲಸವೂ ಹೋಯಿತು. ಬ್ಯಾಂಕ್ ಸಾಲ ಮಾಡಿ ಎರಡು ಹಸು ಕಟ್ಟಿದರು, ಅದೂ ಕೈಕೊಟ್ಟಿತು. ಆಗ ಸಿಗುವುದು ಮಾಮುಕ್ಕೋಯ ಅವರ ಗಫೂರ್ಕ. ಕ್ಯಾಲಿಫೋರ್ನಿಯಾಕ್ಕೆ ಹೋಗುವ ಉರು ದುಬೈ ಕಡಲ ಪಕ್ಕದಲ್ಲೇ ಹೋಗುತ್ತದೆ, ನೀವು ಅರಬಿಗಳ ಉಡುಪು ಹಾಕಿ ಈಜಿ ದಡ ಸೇರಿ, ಅಷ್ಟೇ! ಇಬ್ಬರೂ ನಂಬಿದರು. ಈಜಿ ಹತ್ತಿದ್ದು ಮದ್ರಾಸಿನ ದಡಕ್ಕೆ. ಬೋರ್ಡುಗಳಲ್ಲೆಲ್ಲ ತಮಿಳು ಕಂಡಾಗಲೇ ಗೊತ್ತಾದದ್ದು ದುಬೈ ಎಲ್ಲಿದೆ, ತಾವೆಲ್ಲಿದ್ದೇವೆ ಎಂದು. ಆಮೇಲೆ ಕಳ್ಳಸಾಗಣೆಯವರು ಇವರನ್ನೇ ಸಿಐಡಿ ಎಂದು ತಿಳಿಯುವುದು, ಬಾಡಿಗೆ ಕೊಲೆಗಾರ ಪವನಾಯಿ ಬರುವುದು, ಅದೆಲ್ಲ ನಿಮಗೆ ಗೊತ್ತೇ ಇದೆ.

ಸ್ವಲ್ಪ ಯೋಚಿಸಿ ನೋಡಿ. ಗಫೂರ್ಕ ಮಾಡಿದ್ದು ಸಣ್ಣ ಅಪರಾಧವಲ್ಲ. ಬಡವರ ಹಣ ತಿಂದು ಕಡಲಿಗೆ ಇಳಿಸುವುದು! ವೀಸಾ ಎಂದು ಹೇಳಿ ಹಣ ನುಂಗಿದವರ ಕಥೆ ನಮ್ಮ ಊರುಗಳಲ್ಲಿ ಮನೆಗೊಂದು ಇದೆ. ಚಿನ್ನ ಅಡವಿಟ್ಟು ಕೊಟ್ಟವರು, ಬೊಂಬಾಯಿಯ ರೂಮಿನಲ್ಲಿ ತಿಂಗಳುಗಟ್ಟಲೆ ಕಾದು ಬರಿಗೈಯಲ್ಲಿ ಬಂದವರು ಇದ್ದಾರೆ. ಆದರೂ ಗಫೂರ್ಕನನ್ನು ನೋಡಿ 'ನಮ್ಮ ಸಮುದಾಯಕ್ಕೆ ಅವಮಾನ ಆಯಿತು' ಎಂದು ನಮ್ಮಲ್ಲಿ ಯಾರೂ ಹೇಳಿದ್ದು ಕೇಳಿಲ್ಲ. ಯಾಕೆ?

ನಮಗೆ ತೋಚುವ ಉತ್ತರ ಇದು. ಗಫೂರ್ಕ ನಮಗೆ ಗೊತ್ತಿರುವ ಮನುಷ್ಯ. ಅವನ ನಡಿಗೆ, ಅವನ ಲುಂಗಿ, ಅವನು ಮಾತು ಎಳೆಯುವ ರೀತಿ ಎಲ್ಲವೂ ಪೇಟೆಯಲ್ಲಿ ನೋಡಿದ್ದೇ. ಅವನು ಮೋಸ ಮಾಡುವುದು ಗಫೂರ್ ಆಗಿ, ಒಂದು ಜಾತಿಯ ಪರವಾಗಿ ಅಲ್ಲ. ಮತ್ತೆ ಅದೇ ಸಿನೆಮಾದ ದೊಡ್ಡ ಕಳ್ಳ ಗಫೂರ್ ಅಲ್ಲ. ದೊಡ್ಡವನು ತಿಲಕನ್ ಮಾಡಿದ ಅನಂತನ್ ನಂಬ್ಯಾರ್, ಗಣ್ಯ ವ್ಯಕ್ತಿಯ ಹಾಗೆ ಬಾಳುವವನು. ಕಳ್ಳತನ ಯಾರ ಗುತ್ತಿಗೆಯೂ ಅಲ್ಲ ಎಂದು ಸಿನೆಮಾ ಭಾಷಣ ಮಾಡದೆಯೇ ತೋರಿಸಿಬಿಟ್ಟಿತು.

ಮಾಮುಕ್ಕೋಯ ಅವರ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಕೋಝಿಕ್ಕೋಡಿನ ಕಲ್ಲಾಯಿಯಲ್ಲಿ ಮರ ಅಳೆಯುವ ಕೆಲಸದಲ್ಲಿದ್ದ ಮನುಷ್ಯ. ನಾಟಕದಿಂದ ಸಿನೆಮಾಕ್ಕೆ ಬಂದರು. ತಮ್ಮ ಮಾಪಿಳ್ಳ ಮಾತನ್ನು ತಿದ್ದಿಕೊಳ್ಳಲಿಲ್ಲ, ನೂರಾರು ಪಾತ್ರಗಳಲ್ಲಿ ಅದೇ ಮಾತು. 2023ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ನಮ್ಮ ಮನೆಗಳಲ್ಲೂ ನೆಂಟರೊಬ್ಬರು ಹೋದ ಹಾಗೆ ಆಯಿತು. ಆ ಮಾತು ನಮ್ಮ ಬ್ಯಾರಿಗೆ ಅಷ್ಟು ಹತ್ತಿರ. ಅವರ ತಮಾಷೆ ಹುಟ್ಟುತ್ತಿದ್ದುದು ಅವರು ಏನು ಹೇಳುತ್ತಾರೆ ಎನ್ನುವುದರಿಂದ. ಹೇಗೆ ಉಚ್ಚರಿಸುತ್ತಾರೆ ಎಂದು ನಗುವುದಾಗಿದ್ದರೆ ಎರಡು ಸಿನೆಮಾದಲ್ಲೇ ಬೇಸರ ಬರುತ್ತಿತ್ತು.

ನಮ್ಮ ಕರಾವಳಿಯ ಹಾಸ್ಯದಲ್ಲಿ ಈ ವಿಷಯ ಉಲ್ಟಾ. ನಾಟಕದಲ್ಲಿ ಬ್ಯಾರಿಯೊಬ್ಬ ವೇದಿಕೆಗೆ ಬಂದರೆ ಮೊದಲು ಟೋಪಿ, ಆಮೇಲೆ ತಪ್ಪು ತಪ್ಪು ಕನ್ನಡ. ಅಲ್ಲಿಗೆ ಮುಗಿಯಿತು, ಜನ ನಗಬೇಕು. ನಾವೂ ನಕ್ಕಿದ್ದೇವೆ, ಒಳ್ಳೆಯ ನಟ ಆದರೆ ಬಿದ್ದು ಬಿದ್ದು ನಕ್ಕಿದ್ದೇವೆ. ಆದರೆ ಆ ಬ್ಯಾರಿಗೆ ಆ ನಾಟಕದಲ್ಲಿ ಒಂದು ಆಸೆ, ಒಂದು ಸಾಲ, ಮದುವೆಗೆ ಬಂದ ಒಬ್ಬಳು ಮಗಳು ಯಾಕೆ ಇರುವುದಿಲ್ಲ? ದಾಸನ್‌ಗೆ ಇದೆ, ವಿಜಯನ್‌ಗೆ ಇದೆ. ನಗಿಸುವವನಿಗೂ ಒಂದು ಬದುಕು ಕೊಟ್ಟರೆ ಮಾತ್ರ ಆ ನಗು ಮರುವರ್ಷಕ್ಕೂ ಉಳಿಯುವುದು.

ಕ್ರೈಂ ಸಿನೆಮಾಕ್ಕೆ ಬಂದರೆ ನಮ್ಮ ಅಳತೆಗೋಲು ಇದೇ. ಅಪರಾಧಿಗೆ ಮನೆ ಇದೆಯೋ ಇಲ್ಲವೋ? 'ಕೆಜಿಎಫ್' ಎರಡೂ ಭಾಗಗಳನ್ನು ನಮ್ಮ ಹುಡುಗರು ಶಿಳ್ಳೆ ಹೊಡೆದೇ ನೋಡಿದ್ದಾರೆ, ಅದರಲ್ಲಿ ತಪ್ಪೇನೂ ಇಲ್ಲ. ರಾಕಿ ಎಷ್ಟು ಜನರನ್ನು ಕೊಂದರೂ ಅವನ ಹಿಂದೆ ಹಸಿದ ತಾಯಿಯ ಕಥೆ ಇದೆ, ಹಾಗಾಗಿ ಅವನು ಹೀರೋ. ದುಬೈಯಲ್ಲಿ ಕುಳಿತ ಇನಾಯತ್ ಖಲೀಲ್‌ಗೆ ಒಬ್ಬ ತಾಯಿ ಇದ್ದಳೇ ಎಂದು ಸಿನೆಮಾ ಕೇಳುವುದಿಲ್ಲ. ಅದೇ ಸಿನೆಮಾದಲ್ಲಿ ರಾಕಿಯ ಪಕ್ಕ ನಿಲ್ಲುವ ಖಾಸಿಂ ಚಾಚಾ ಇದ್ದಾರೆ, ಅದನ್ನೂ ಹೇಳಬೇಕು. ಆದರೂ ಗ್ಯಾಂಗ್‌ಸ್ಟರ್ ಸಿನೆಮಾಗಳ ದುಬೈ ನೋಡುವಾಗ ನಮಗೆ ಒಂಥರಾ ಆಗುತ್ತದೆ. ಅಲ್ಲಿ ದುಬೈ ಅಂದರೆ ಡಾನ್ ಕೂತು ಫೋನ್ ಮಾಡುವ ಜಾಗ. ನಮಗೆ ದುಬೈ ಅಂದರೆ ಎರಡು ವರ್ಷಕ್ಕೊಮ್ಮೆ ಊರಿಗೆ ಬರುವ ಕಾಕ, ಒಂದೇ ರೂಮಿನಲ್ಲಿ ಬಂಕ್ ಬೆಡ್ ಹಾಕಿ ಮಲಗುವ ಆರೆಂಟು ಮಂದಿ, ತಿಂಗಳ ಕೊನೆಗೆ ಬರುವ ಹಣ. 'ನಾಡೋಡಿಕ್ಕಾಟ್'ನ ದುಬೈಯಲ್ಲಿ ಯಾರೂ ಕಾಲೇ ಇಡುವುದಿಲ್ಲ, ಆದರೂ ನಮ್ಮ ದುಬೈ ಇರುವುದು ಅದರಲ್ಲೇ.

ಮನೆ ಇರುವ ಕ್ರೈಂ ಸಿನೆಮಾ ಹೇಗಿರುತ್ತದೆ ಎಂದು ಕೇಳಿದರೆ 2021ರಲ್ಲಿ ಬಂದ 'ಕುರುತಿ' ನೋಡಿ. ಗುಡ್ಡದ ಮೇಲಿನ ಒಂದು ಮುಸ್ಲಿಂ ಮನೆ, ಒಂದೇ ರಾತ್ರಿ. ಪೊಲೀಸ್ ಅಧಿಕಾರಿಯೊಬ್ಬ ಕೊಲೆ ಆರೋಪದ ಹುಡುಗನನ್ನು ಹಿಡಿದುಕೊಂಡು ಆ ಮನೆಗೆ ನುಗ್ಗುತ್ತಾನೆ. ಅವನನ್ನು ಕೊಂದೇ ತೀರಬೇಕೆಂದು ಲಾಯಿಕ್ ಬೆನ್ನು ಹತ್ತಿ ಬರುತ್ತಾನೆ, ಅದು ಪೃಥ್ವಿರಾಜ್ ಮಾಡಿದ ಪಾತ್ರ. ಕಾಪಾಡಲು ನಿಲ್ಲುವವನು ಮನೆಯ ಮಗ ಇಬ್ರಾಹೀಂ. ಕೊಲ್ಲಲು ಬಂದವನೂ ಮುಸ್ಲಿಂ, ಅಡ್ಡ ನಿಂತವನೂ ಮುಸ್ಲಿಂ. ಅದೇ ಮನೆಯ ಮುದಿ ತಂದೆ ಮೂಸಾ ಆಗಿ ನಮ್ಮ ಮಾಮುಕ್ಕೋಯ! ನಗಿಸಿ ನಗಿಸಿ ಕಳೆದ ಆ ಮುಖ ಇಲ್ಲಿ ನಮ್ಮನ್ನು ಹೆದರಿಸುತ್ತದೆ, ನಡುವೆ ಕಹಿಯಾಗಿ ನಗಿಸುತ್ತದೆ. ಸಿನೆಮಾ ಕೊನೆಕೊನೆಗೆ ಸ್ವಲ್ಪ ಭಾಷಣ ಹೊಡೆಯುತ್ತದೆ, ಸಂಭಾಷಣೆ ಉದ್ದವಾಯಿತು ಎನಿಸುತ್ತದೆ. ಆದರೆ ದ್ವೇಷದ ಪ್ರಶ್ನೆಯನ್ನು ಮನೆಯ ಒಳಗೇ ತಂದಿಟ್ಟ ಧೈರ್ಯ ನಮಗೆ ಇಷ್ಟವಾಯಿತು. ಕುಟುಂಬ ಸಮೇತ ನೋಡುವುದಾದರೆ ಚಿಕ್ಕವರನ್ನು ಮಲಗಿಸಿ ನೋಡಿ, ರಕ್ತ ಜಾಸ್ತಿ.

ಇನ್ನು ನಮ್ಮ ಪಕ್ಕದ ಕಾಸರಗೋಡು. ನಮ್ಮಲ್ಲಿ ಅರ್ಧ ಜನರಿಗೆ ಅಲ್ಲಿ ಸಂಬಂಧ ಇದೆ, ಮದುವೆ ಮಯ್ಯತ್ತು ಎಂದು ಹೋಗಿ ಬರುತ್ತಲೇ ಇರುತ್ತೇವೆ. ಕ್ರೈಂ ಮತ್ತು ಕಾಮಿಡಿ ಎರಡೂ ಒಂದೇ ಪಾತ್ರೆಯಲ್ಲಿ ಬೆಂದ ಎರಡು ಉತ್ತಮ ಸಿನೆಮಾಗಳು ಈ ನೆಲದಿಂದಲೇ ಬಂದವು ಎನ್ನುವುದು ನಮಗೆ ಹೆಮ್ಮೆಯ ವಿಷಯ.

ಒಂದು, ದಿಲೀಶ್ ಪೋತನ್ ಅವರ 'ತೊಂಡಿಮುದಲುಂ ದೃಕ್‌ಸಾಕ್ಷಿಯುಂ', 2017. ಬಸ್ಸಿನಲ್ಲಿ ಒಬ್ಬಳ ತಾಳಿ ಸರ ಕದಿಯುತ್ತಾನೆ ಕಳ್ಳ, ಸಿಕ್ಕಿಬಿದ್ದಾಗ ನುಂಗಿಬಿಡುತ್ತಾನೆ. ಹೆಸರು ಕೇಳಿದರೆ ಪ್ರಸಾದ್ ಎನ್ನುತ್ತಾನೆ, ಸರ ಕಳಕೊಂಡವಳ ಗಂಡನ ಹೆಸರೂ ಪ್ರಸಾದ್! ಶೇಣಿಯ ಪೊಲೀಸ್ ಠಾಣೆಯಲ್ಲಿ ಅವನಿಗೆ ಬಾಳೆಹಣ್ಣು ತಿನ್ನಿಸಿ ಕಾಯುವ ದೃಶ್ಯಕ್ಕೆ ನಗದವರಿಲ್ಲ. ಪೊಲೀಸ್ ಪಾತ್ರಗಳಲ್ಲಿ ನಿಜವಾದ ಪೊಲೀಸರೇ ಇದ್ದಾರೆ, ಹಾಗಾಗಿ ಆ ಠಾಣೆ ಸೆಟ್ಟಿನಂತೆ ಕಾಣುವುದಿಲ್ಲ. ಆ ಸರ ಯಾಕೆ ಅಷ್ಟು ಮುಖ್ಯ ಎಂದರೆ ನೀರಿಲ್ಲದ ಜಮೀನಿಗೆ ಬೋರ್ ಕೊರೆಸಲು ಅವರ ಹತ್ತಿರ ಇರುವುದು ಅದೊಂದೇ. ಮನೆಯ ಚಿನ್ನ ಸೊಸೈಟಿಗೆ ಹೋಗಿ ಬರುವುದನ್ನು ನೋಡಿದ ನಮ್ಮ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊನೆಗೆ ಕೇಸು ಉಳಿಸಿಕೊಳ್ಳಲು ಪೊಲೀಸರೇ ಸುಳ್ಳಿನ ದಾರಿ ಹುಡುಕುವಾಗ, ಫಹದ್ ಫಾಸಿಲ್‌ನ ಆ ಕಳ್ಳನ ನಗುವೇ ಎಲ್ಲರಿಗಿಂತ ಪ್ರಾಮಾಣಿಕ ಎನಿಸಿಬಿಡುತ್ತದೆ. ಫಹದ್‌ಗೆ ಇದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಒಂದು ಬಂದೂಕು ಹಾರದೆ, ಒಂದು ಕಾರು ಹಾರದೆ!

ಎರಡನೆಯದು 2022ರ 'ನ್ನಾ ತಾನ್ ಕೇಸ್ ಕೊಡ್'. ಕಳ್ಳತನ ಬಿಟ್ಟಿರುವ ರಾಜೀವನ್‌ಗೆ ಶಾಸಕರ ಮನೆಯ ನಾಯಿ ಕಚ್ಚುತ್ತದೆ, ಮೇಲಿಂದ ಕಳ್ಳತನಕ್ಕೆ ಬಂದ ಎಂದು ಕೇಸು. ಅವನು ಕೋರ್ಟಿನಲ್ಲಿ ತಾನೇ ವಾದ ಮಾಡುತ್ತಾನೆ. ಆಟೋ ಬಂತು, ಅದು ರಸ್ತೆ ಗುಂಡಿ ತಪ್ಪಿಸಲು ಹೋಯಿತು, ಅದರಿಂದ ತಪ್ಪಿಸಿಕೊಳ್ಳಲು ನಾನು ಕಂಪೌಂಡ್ ಹಾರಿದೆ, ಆದ್ದರಿಂದ ತಪ್ಪು ಲೋಕೋಪಯೋಗಿ ಮಂತ್ರಿಯದ್ದು! ಕಥೆಯಲ್ಲಿ ಕಾಲ ಮುಂದೆ ಹೋದದ್ದನ್ನು ತಾರೀಕಿನಿಂದ ತೋರಿಸದೆ ಪೆಟ್ರೋಲ್ ರೇಟಿನಿಂದ ತೋರಿಸುತ್ತಾರೆ, ಅದನ್ನು ಕಂಡು ನಮಗೆ ಎದ್ದು ಚಪ್ಪಾಳೆ ಹೊಡೆಯೋಣ ಅನಿಸಿತು. ಥಿಯೇಟರಿಗೆ ಬರುವ ದಾರಿಯಲ್ಲಿ ಗುಂಡಿಗಳಿವೆ, ಆದರೂ ಬನ್ನಿ ಎಂಬರ್ಥದ ಅವರ ಜಾಹೀರಾತು ನೋಡಿ ಅಲ್ಲಿನ ಆಡಳಿತದ ಕಡೆಯವರು ಸಿಟ್ಟಾದದ್ದೂ ಸುದ್ದಿಯಾಯಿತು. ಮ್ಯಾಜಿಸ್ಟ್ರೇಟ್ ಆಗಿ ನಟಿಸಿದ ಪಿ.ಪಿ. ಕುಂಞಿಕೃಷ್ಣನ್ ಸಿನೆಮಾದ ದೊಡ್ಡ ಹೆಸರಲ್ಲ, ಆ ಕಡೆಯವರೇ. ಅವರಿಗೆ ಕೇರಳ ರಾಜ್ಯ ಪ್ರಶಸ್ತಿ ಸಿಕ್ಕಿತು. ಊರಿನ ಮಾತು, ಊರಿನ ಮುಖ, ಊರಿನ ಗುಂಡಿ. ಬೇರೆ ಏನು ಬೇಕು?

'ದೃಶ್ಯಂ' ಬಗ್ಗೆ ಹೇಳದೆ ಬಿಟ್ಟರೆ ಓದುಗರು ನಮ್ಮನ್ನು ಬಿಡುವುದಿಲ್ಲ. 2013ರ ಮಲಯಾಳಂ ಸಿನೆಮಾ, ಮರುವರ್ಷ ರವಿಚಂದ್ರನ್ ಅವರ ಕನ್ನಡ 'ದೃಶ್ಯ', ಆಮೇಲೆ ತಮಿಳು, ಹಿಂದಿ, ಕೊನೆಗೆ ಚೀನಾದವರೂ ತೆಗೆದರು. ಎಲ್ಲರೂ ಹೊಗಳುವುದು ಅದರ ತಿರುವನ್ನು. ನಮಗೆ ಅಷ್ಟೇ ದೊಡ್ಡದಾಗಿ ಕಾಣುವುದು ಕಾನ್‌ಸ್ಟೇಬಲ್ ಸಹದೇವನ್ ಆಗಿ ಕಲಾಭವನ್ ಶಾಜೋನ್. ಅಲ್ಲಿಯವರೆಗೆ ಮಿಮಿಕ್ರಿ, ಕಾಮಿಡಿ ಎಂದೇ ಗೊತ್ತಿದ್ದ ಮನುಷ್ಯ ಚಿಕ್ಕ ಮಗುವಿನ ಮೇಲೆ ಕೈ ಮಾಡುವಾಗ ಮನೆಯಲ್ಲಿ ಎಲ್ಲರೂ ಸುಮ್ಮನಾಗಿಬಿಟ್ಟರು. ನಾಲ್ಕನೇ ಕ್ಲಾಸು ಓದಿದ ಕೇಬಲ್ ಟಿವಿಯ ಜಾರ್ಜ್‌ಕುಟ್ಟಿ ಕಲಿತದ್ದೆಲ್ಲ ಸಿನೆಮಾ ನೋಡಿಯೇ. ಎಲ್ಲಿ ಕೊಲೆ ನಡೆದರೂ 'ದೃಶ್ಯಂ ಮಾದರಿ' ಎಂದು ತಲೆಬರಹ ಹಾಕುವವರಿಗೆ ಒಂದು ಮಾತು: ಅವನು ಕೊಲೆ ಕಲಿತದ್ದು ಸಿನೆಮಾದಿಂದ ಅಲ್ಲ. ಠಾಣೆಯಲ್ಲಿ ತನ್ನಂಥವನ ಮಾತಿಗೆ ಬೆಲೆ ಇಲ್ಲ ಎನ್ನುವುದು ಅವನಿಗೆ ಮೊದಲೇ ಗೊತ್ತಿತ್ತು. ಸಿನೆಮಾದಿಂದ ಕಲಿತದ್ದು ಆ ಠಾಣೆಯ ಎದುರು ಹೇಗೆ ನಿಲ್ಲುವುದು ಎಂದು.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಸ್ವಂತ ಭಾಷೆಯ ಲೆಕ್ಕ ನೋಡಬೇಕಲ್ಲ. 2011ರಲ್ಲಿ ಬಂದ 'ಬ್ಯಾರಿ' ನಮ್ಮ ಭಾಷೆಯ ಮೊದಲ ಸಿನೆಮಾ. ಮರಾಠಿಯ 'ದೇವೂಳ್' ಜೊತೆ ಆ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಹಂಚಿಕೊಂಡಿತು. ತಲಾಕ್‌ಗೆ ಸಿಕ್ಕ ಹೆಣ್ಣಿನ ಕಥೆ, ಆ ನೋವು ತೋರಿಸಬೇಕಾದ್ದೇ. ಆದರೆ ದಿಲ್ಲಿಗೆ ನಮ್ಮ ಭಾಷೆ ತಿಳಿದದ್ದು ಅಳುವಾಗ ಮಾತ್ರ. ನಮ್ಮಲ್ಲಿ ನಗುವಿಗೆ ಬರ ಇದೆಯೇ? ಮದುವೆ ಮನೆಯ ಹಿಂದಿನ ಜಗಲಿಯಲ್ಲಿ ಒಂದು ಗಂಟೆ ಕುಳಿತವರು ಹೇಳಲಿ! ಮೊಬೈಲಿನಲ್ಲಿ ನಮ್ಮ ಹುಡುಗ ಹುಡುಗಿಯರು ಬ್ಯಾರಿಯಲ್ಲಿ ಮಾಡುವ ಎರಡು ಮೂರು ನಿಮಿಷದ ತಮಾಷೆ ವೀಡಿಯೊಗಳಲ್ಲಿ ಒಳ್ಳೆಯ ನಟರಿದ್ದಾರೆ, ಮಾತು ಕಟ್ಟುವವರಿದ್ದಾರೆ. ಅವರಿಗೆ ಎರಡು ಗಂಟೆಯ ಕಥೆ ಬರೆದುಕೊಡುವವರು ಬೇಕು, ಹಣ ಹಾಕುವವರು ಬೇಕು. ಮದುವೆ ಹಾಲ್ ಕಟ್ಟಲು, ಬೇಕರಿ ಇಡಲು ಪಾಲುದಾರರು ಸಿಗುತ್ತಾರೆ. ಇದಕ್ಕೆ ನಾಲ್ಕು ಮಂದಿ ಸಿಗಬಾರದೇ?

ಕಥೆಗೂ ಕೊರತೆ ಇಲ್ಲ. 1989ರ 'ರಾಮ್‌ಜಿ ರಾವ್ ಸ್ಪೀಕಿಂಗ್' ನೋಡಿ. ಅಪಹರಣ ಮಾಡಿದವನ ಫೋನು ರಾಂಗ್ ನಂಬರಿಗೆ ಬರುವುದರ ಮೇಲೆ ನಿಂತ ಕಾಮಿಡಿ, ಹಿಂದಿಯಲ್ಲಿ ಅದೇ 'ಹೇರಾ ಫೇರಿ' ಆಯಿತು. ಈಗ ದಿನಾ ನಮ್ಮ ಮನೆಗಳಿಗೆ ಬರುವ ಫೋನು ಏನು ಕಡಿಮೆಯೇ? ನಿಮ್ಮ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ ಎಂದು ಹೆದರಿಸುವವನ ಕೈಗೆ, ಕಿವಿ ಸರಿಯಾಗಿ ಕೇಳದ ನಮ್ಮ ಒಬ್ಬ ಉಮ್ಮ ಸಿಕ್ಕರೆ ಹೇಗಿರಬಹುದು? ಅವನು ಹಿಂದಿಯಲ್ಲಿ ಗದರಿಸುತ್ತಾನೆ, ಇವರು ಬ್ಯಾರಿಯಲ್ಲಿ ಅವನ ಊಟ ಆಯಿತೇ ಎಂದು ವಿಚಾರಿಸುತ್ತಾರೆ. ಅಲ್ಲಿಂದ ಮುಂದೆ ಬರೆಯುವವರು ಬರೆಯಲಿ, ಟಿಕೆಟ್ ನಾವು ತೆಗೆದುಕೊಳ್ಳುತ್ತೇವೆ.